ತಡೆಯಬಾರದ ಹದಿಮೂರು

ಶಿಬಿರದ ಆಯುರ್ವೇದ ಡಾಕ್ಟರಮ್ಮ ನನಗೆ ಎಣ್ಣೆ ಹಚ್ಚುವುದು ಬೇಡ ಅಂದುಬಿಟ್ಟರು. ನಾಡಿ ಹಿಡಿದರು, ನಾಲಿಗೆ ಚಾಚಿಸಿದರು. ರಾತ್ರಿ ಏನು ತಿಂದಿರಿ, ಎಷ್ಟು ಹೊತ್ತಿಗೆ ತಿಂದಿರಿ ಅಂತ ಕೇಳಿದರು. ಬಸ್ಸು ನಿಲ್ಲಿಸಿದ ಕಡೆ ನಡುರಾತ್ರಿ ಹತ್ತಿರ ತಿಂದ ಪರೋಟದ ಕಥೆ ಹೇಳಿದೆ. "ನಾಲಿಗೆ ಬಿಳಿ ಕಟ್ಟಿದೆ. ತಿಂದದ್ದು ಇನ್ನೂ ಅರಗಿಲ್ಲ. ಅಜೀರ್ಣ ಇದ್ದಾಗ ಅಭ್ಯಂಗ ಮಾಡಬಾರದು" ಅಂದರು. ಒಣಶುಂಠಿ ಹಾಕಿ ಕುದಿಸಿದ ನೀರು ಕುಡಿಯಿರಿ, ಹಸಿವಾಗುವ ತನಕ ಏನೂ ತಿನ್ನಬೇಡಿ. ಮುಗೀತು ಚಿಕಿತ್ಸೆ.

ಬಿಸಿ ಎಳ್ಳೆಣ್ಣೆಯ ಆಸೆಗೇ ಅರ್ಧ ಬಂದವಳು ನಾನು. ಶಿಬಿರದ ಕರಪತ್ರದಲ್ಲಿ ಮೂರು ಸಂಗತಿ ಇದ್ದವು: ಸ್ವಾಧ್ಯಾಯ (ಓದುತ್ತಾ ತನ್ನನ್ನು ತಾನೇ ನೋಡಿಕೊಳ್ಳುವುದು), ಆಯುರ್ವೇದ, ನೈಸರ್ಗಿಕ ಕೃಷಿ. ಮೊದಲನೆಯದು ಒಳ್ಳೆಯದು ಅಂತ ಒಪ್ಪಿಕೊಂಡಿದ್ದೆ, ಮೂರನೆಯದು ಇರಲಿ ಬಿಡು ಅಂದುಕೊಂಡಿದ್ದೆ, ದುಡ್ಡು ಕಟ್ಟಿದ್ದು ಎರಡನೆಯದಕ್ಕೆ. ಆದರೂ ಬೇಡ ಅನ್ನುವ ವೈದ್ಯರ ಮೇಲೆ ನನಗೆ ನಂಬಿಕೆ ಜಾಸ್ತಿ. ನನ್ನ ಹಿಂದೆ ಸಾಲಿನಲ್ಲಿದ್ದ ಹಿರಿಯರೊಬ್ಬರು, ಸಕ್ಕರೆ ಕಾಯಿಲೆಯ ಮಾತ್ರೆ ಇಲ್ಲಿರುವಷ್ಟು ದಿನ ಬಿಡಬಹುದಾ ಅಂತ ಕೇಳಿದರು. "ಒಂದು ಹೊತ್ತೂ ಬಿಡಬೇಡಿ. ಬಿಡಿಸುವುದು ನನ್ನ ಕೆಲಸ ಅಲ್ಲ, ನಿಮ್ಮ ಡಾಕ್ಟರದ್ದು" ಅಂದರು ಡಾಕ್ಟರಮ್ಮ. ಹಿರಿಯರಿಗೆ ಬೇಜಾರಾಯ್ತು. ನನಗೆ ಖುಷಿಯಾಯ್ತು.

ಬಯಲುಸೀಮೆಯ ಒಂದು ಹಳ್ಳಿ ಅದು. ಶ್ರಾವಣ. ಮಳೆ ಬರುತ್ತೇನೆ ಬರುತ್ತೇನೆ ಅಂತ ಹೆದರಿಸಿ ಎರಡು ಹನಿ ಉದುರಿಸಿ ಹೋಗುತ್ತಿತ್ತು. ಹಂಚಿನ ಮನೆಗಳು, ನಡುವೆ ಒಂದು ಪಡಸಾಲೆ, ಆಚೆಗೆ ಹೊಲ. ಬೆಳಗಿನ ಜಾವದ ಧ್ಯಾನದ ಬಗ್ಗೆ ಹೇಳುವಂಥದ್ದು ಏನೂ ಇಲ್ಲ. ಅರ್ಧ ಜನ ತೂಕಡಿಸಿದರು, ಉಳಿದವರು ತೂಕಡಿಸುವವರನ್ನು ನೋಡಿದರು.

ಹೊಲದ ಕಥೆ ಬೇರೆ. ತೋಟ ನೋಡಿಕೊಳ್ಳುವವರನ್ನು ಎಲ್ಲರೂ ಯಜಮಾನ್ರು ಅನ್ನುತ್ತಿದ್ದರು. ಹೊಲದ ಮಾಲೀಕರು ಅವರಲ್ಲ, ಆದರೂ ಯಜಮಾನ್ರೇ. ರಾಗಿ ಪೈರು ಮೊಣಕಾಲಿಗಿಂತ ಕೆಳಗಿತ್ತು. ಆರೋ ಎಂಟೋ ಸಾಲು ರಾಗಿಗೆ ಒಂದು ಸಾಲು ಅಕ್ಕಡಿ: ತೊಗರಿ, ಅವರೆ, ಅಲಸಂದೆ, ಅಲ್ಲಲ್ಲಿ ಹುಚ್ಚೆಳ್ಳು, ಬದುವಿನ ಮೇಲೆ ಹರಳು. ಇದನ್ನು ಹೊಸ ವಿದ್ಯೆ ಅಂತ ತೋರಿಸಲಿಲ್ಲ ಅವರು. "ನಮ್ಮಜ್ಜಿನೂ ಹಿಂಗೇ ಹಾಕ್ತಿದ್ಲು. ಮಳೆ ರಾಗಿಗೆ ಕೈ ಕೊಟ್ರೆ ತೊಗರಿಗಾದ್ರೂ ಸಿಕ್ತಿತ್ತು" ಅಂದರು. ರಾಗಿ ಕೊಯ್ದ ಮೇಲೂ ತೊಗರಿ ಚಳಿಗಾಲದ ತನಕ ಹೊಲದಲ್ಲೇ ನಿಂತಿರುತ್ತದಲ್ಲ, ಅದರ ಎಲೆ ಉದುರಿ ನೆಲಕ್ಕೇ ಸೇರುತ್ತದೆ.

ಒಂದು ಅಲಸಂದೆ ಗಿಡವನ್ನು ಬೇರು ಸಮೇತ ಕಿತ್ತು ನನ್ನ ಕೈಗೆ ಕೊಟ್ಟರು. ಬೇರಿನ ತುಂಬ ಸಣ್ಣ ಸಣ್ಣ ಗಂಟುಗಳು. ಒಂದನ್ನು ಉಗುರಿನಿಂದ ಸೀಳಿ, "ಒಳಗೆ ನಸುಗೆಂಪು ಐತಲ್ಲ, ಇದು ಕೆಲ್ಸ ಮಾಡ್ತೈತೆ. ಬೆಳ್ಳಗೋ ಹಸಿರಾಗೋ ಇದ್ರೆ ಮಾಡ್ತಿಲ್ಲ ಅಂತ" ಅಂದರು. ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುವ ಬ್ಯಾಕ್ಟೀರಿಯಾ ಆ ಗಂಟಿನೊಳಗಿರುತ್ತದೆ ಅಂತ ಹೈಸ್ಕೂಲಿನಲ್ಲಿ ಬರೆದು ಅಂಕ ತೆಗೆದುಕೊಂಡಿದ್ದೆ. ಕಣ್ಣಾರೆ ನೋಡಿದ್ದು ಅವತ್ತೇ.

ನಮ್ಮ ಪಾಲಿಗೆ ಬಂದದ್ದು ಜೀವಾಮೃತದ ಡ್ರಮ್ಮು, ಅಂದರೆ ಹೊಲಕ್ಕೆ ಹುಯ್ಯಲು ಸಗಣಿ-ಗಂಜಲ ಕೊಳೆಸಿ ಮಾಡುವ ದ್ರವ. 200 ಲೀಟರ್ ನೀರಿಗೆ 10 ಕೆಜಿ ನಾಟಿ ಹಸುವಿನ ಸಗಣಿ, 5ರಿಂದ 10 ಲೀಟರ್ ಗಂಜಲ, 2 ಕೆಜಿ ಬೆಲ್ಲ, 2 ಕೆಜಿ ಕಾಳಿನ ಹಿಟ್ಟು, ಬದುವಿನ ಒಂದು ಹಿಡಿ ಮಣ್ಣು. ನೆರಳಲ್ಲಿ 48 ಗಂಟೆ ಇಟ್ಟು, ದಿನಕ್ಕೆ ಎರಡು ಸಲ ಕೋಲಿನಿಂದ ತಿರುವಬೇಕು. ಅಷ್ಟು ಒಂದು ಎಕರೆಗೆ. ವಿದರ್ಭದ ಸುಭಾಷ್ ಪಾಳೇಕರ್ ಹಳ್ಳಿಹಳ್ಳಿಗೆ ಹೇಳಿಕೊಟ್ಟ ಲೆಕ್ಕ ಇದು. ಅವರಿಗೆ 2016ರಲ್ಲಿ ಪದ್ಮಶ್ರೀ ಬಂತು. ಕರ್ನಾಟಕದಲ್ಲಿ ರೈತಸಂಘದವರು ಅದಕ್ಕೂ ಮುಂಚೆಯೇ ಅವರ ಶಿಬಿರ ಮಾಡಿಸಿದ್ದರು. ನಮ್ಮ ಗುಂಪಿನಲ್ಲಿ ಬಿಳಿ ಕುರ್ತಾ ಹಾಕಿದ್ದ ಒಬ್ಬರು ಮೊಣಕೈ ತನಕ ಸಗಣಿ ಮಾಡಿಕೊಂಡು, "ಇದು ಬರೀ ಹೆಸರಿಗಲ್ಲ, ನಿಜವಾಗಿ ಅಮೃತವೇ" ಅಂತ ಫೋಟೋ ತೆಗೆಸಿಕೊಂಡರು. ಅವರನ್ನು ನೆನಪಿಟ್ಟುಕೊಳ್ಳಿ.

ನಾನು ಸುಮ್ನಿರಲಿಲ್ಲ. ಒಂದು ಎಕರೆಗೆ 10 ಕೆಜಿ ಸಗಣಿ ಯಾವ ಮೂಲೆಗೆ ಸಾಕು ಅಂತ ಕೇಳಿದೆ. ಪಾಳೇಕರ್ ಅವರ ಈ ಪದ್ಧತಿಗೆ ಶೂನ್ಯ ಬಂಡವಾಳ ಕೃಷಿ ಅಂತ ಹೆಸರು; 2019ರಲ್ಲಿ ಕೇಂದ್ರ ಬಜೆಟ್ಟಿನಲ್ಲಿ ಅದರ ಹೆಸರು ಬಂತು. ಅದೇ ವರ್ಷ ರಾಷ್ಟ್ರೀಯ ಕೃಷಿ ವಿಜ್ಞಾನ ಅಕಾಡೆಮಿಯವರು, ಇದಕ್ಕೆ ಸಾಕಷ್ಟು ವೈಜ್ಞಾನಿಕ ಆಧಾರ ಇಲ್ಲ ಅಂತ ಆಕ್ಷೇಪ ಎತ್ತಿದರು. ಅದನ್ನೂ ಹೇಳಿದೆ. ಯಜಮಾನ್ರು ಸಿಟ್ಟಾಗಲಿಲ್ಲ. "ಇದು ಗೊಬ್ಬರ ಅಲ್ಲಮ್ಮ, ಹೆಪ್ಪು. ಹಾಲೇ ಇಲ್ದಿದ್ರೆ ಹೆಪ್ಪು ಹಾಕಿ ಏನ್ ಮಾಡ್ತೀಯ? ನೆಲದ ಮೇಲೆ ಸೊಪ್ಪುಸದೆ ಹೊದಿಕೆ ಇರ್ಬೇಕು. ಅದಿಲ್ದೆ ಇದನ್ನ ಹುಯ್ದರೆ ನೀರು ಹುಯ್ದಂಗೆ" ಅಂದರು. ಆಮೇಲೆ ಅವರೇ ಸೇರಿಸಿದರು: "ನಮ್ಮಪ್ಪನ ಕಾಲದಲ್ಲಿ ಸರ್ಕಾರಿ ಗೊಬ್ಬರ ಬಂದಾಗ ಬೆಳೆ ಜಾಸ್ತಿ ಬಂತು. ಅದು ಸುಳ್ಳಲ್ಲ. ಇಲ್ಲಿ ನೀವು ಬಂದು ಕೊಡೋ ದುಡ್ಡೂ ಐತೆ, ಅದಕ್ಕೇ ನಡೀತೈತೆ." ಕರಪತ್ರದಲ್ಲಿ ಆ ಕೊನೆಯ ಮಾತು ಇರಲಿಲ್ಲ.

ಡ್ರಮ್ಮು ಮುಗಿಸಿ ಕಳೆ ಕೀಳಲು ಹೋದೆವು. ಇದಕ್ಕೆ ಶ್ರಮದಾನ ಅಂತ ಹೆಸರು. ನಮಗಿಂತ ಮುಂಚೆಯೇ ಐದಾರು ಹೆಂಗಸರು ಸಾಲು ಹಿಡಿದಿದ್ದರು, ಅವರದ್ದು ಕೂಲಿ. ನಾನು ಒಂದು ಸಾಲಿನ ಕಾಲು ಭಾಗ ಮುಗಿಸುವಷ್ಟರಲ್ಲಿ ಪಕ್ಕದ ಸಾಲಿನ ದೊಡ್ಡಮ್ಮ ಆ ತುದಿ ಮುಟ್ಟಿ ಹಿಂದಕ್ಕೆ ಬರುತ್ತಿದ್ದರು. ಕಿತ್ತ ಕಳೆಯನ್ನು ಬುಡ ಮೇಲೆ ಮಾಡಿ ಸಾಲಿನ ನಡುವೆಯೇ ಹಾಸುತ್ತಿದ್ದರು. ನಾನು ಮಾತ್ರ ಬದುವಿಗೆ ಎಸೆಯುತ್ತಿದ್ದೆ. "ಅಲ್ಲೇ ಹಾಕವ್ವ, ಅದೇ ಗೊಬ್ರ" ಅಂದರು. ಸ್ವಲ್ಪ ಹೊತ್ತಾದ ಮೇಲೆ ನನ್ನ ಬಾಟಲಿ ಚಾಚಿ ನೀರು ಬೇಕಾ ಅಂತ ಕೇಳಿದೆ. ಬೇಡ ಅಂದರು. ಬಿಸಿಲೇನೋ ಕಡಿಮೆ ಇತ್ತು, ಆದರೂ ಅಷ್ಟು ಬೆವರು ಸುರಿಸಿದವರು ಯಾಕೆ ಬೇಡ ಅಂದರು ಅಂತ ಆಗ ಹೊಳೆಯಲಿಲ್ಲ.

ಹನ್ನೊಂದಕ್ಕೆ ಪಡಸಾಲೆಯಲ್ಲಿ ಸ್ವಾಧ್ಯಾಯ. ನಡೆಸುವವರು ನಿವೃತ್ತ ಮೇಷ್ಟ್ರು. ಯೋಗಶಾಸ್ತ್ರದಲ್ಲಿ ಶೌಚ, ಸಂತೋಷ, ತಪಸ್ಸು, ಸ್ವಾಧ್ಯಾಯ, ಈಶ್ವರ ಪ್ರಣಿಧಾನ ಅಂತ ಐದು ನಿಯಮ ಹೇಳುತ್ತಾರಲ್ಲ, ಅವತ್ತು ಅಲ್ಲಿಂದ ಶುರುಮಾಡಿ ಆತ್ಮದ ಕಡೆ ಹೋಗುತ್ತಾರೆ ಅಂದುಕೊಂಡಿದ್ದೆ. ಮೇಷ್ಟ್ರು ಡಾಕ್ಟರಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ವಾಗ್ಭಟ ಬರೆದ ಆಯುರ್ವೇದದ ಹಳೆಯ ಗ್ರಂಥ ಅಷ್ಟಾಂಗ ಹೃದಯ ತೆಗೆದರು. ಅದರ ಮೊದಲ ಭಾಗವಾದ ಸೂತ್ರಸ್ಥಾನದ ನಾಲ್ಕನೇ ಅಧ್ಯಾಯ. ಅದರ ಮೊದಲ ಮಾತೇ ಇದು: ದೇಹದ ವೇಗಗಳನ್ನು, ಅಂದರೆ ತಾನಾಗಿ ಬರುವ ಒತ್ತಡಗಳನ್ನು, ತಡೆಯಬೇಡಿ.

ಒಟ್ಟು ಹದಿಮೂರು. ಡಾಕ್ಟರಮ್ಮ ಒಂದೊಂದಾಗಿ ಓದಿದರು, ಮುಖದಲ್ಲಿ ನಗು ಇಲ್ಲದೆ. ಹೂಸು, ಮಲ, ಮೂತ್ರ, ಸೀನು, ಬಾಯಾರಿಕೆ, ಹಸಿವು, ನಿದ್ದೆ, ಕೆಮ್ಮು, ದುಡಿದಾಗ ಬರುವ ಏದುಸಿರು, ಆಕಳಿಕೆ, ಕಣ್ಣೀರು, ವಾಂತಿ, ವೀರ್ಯ. ಮೊದಲನೆಯದಕ್ಕೇ ಹಿಂದಿನ ಸಾಲಿನ ಹುಡುಗರು ಕಿಸಕ್ಕೆಂದರು. ಪ್ರತಿಯೊಂದನ್ನು ತಡೆದರೆ ಏನಾಗುತ್ತದೆ, ಆದಮೇಲೆ ಏನು ಮಾಡಬೇಕು ಅಂತಲೂ ಅಲ್ಲಿದೆ. ಹಸಿವು ತಡೆದವರಿಗೆ ಹಗುರವಾದ, ಜಿಡ್ಡಿರುವ, ಬಿಸಿ ಊಟ, ಅದೂ ಸ್ವಲ್ಪವೇ. ಕಣ್ಣೀರು ತಡೆದರೆ ನೆಗಡಿ, ಕಣ್ಣು-ತಲೆ-ಎದೆಯಲ್ಲಿ ನೋವು, ಕುತ್ತಿಗೆ ಹಿಡಿತ. ಅದಕ್ಕೆ ಮದ್ದು ನಿದ್ದೆ, ಮದ್ಯ ಮತ್ತು ಇಷ್ಟವಾದ ಕಥೆಗಳು. "ನಡುವಿನದ್ದು ಇಲ್ಲಿ ಸಿಗಲ್ಲ, ಉಳಿದೆರಡು ಸಿಗುತ್ತೆ" ಅಂದರು ಡಾಕ್ಟರಮ್ಮ. ಅಳು ತಡೆದವರಿಗೆ ಕಥೆ ಹೇಳಿ ಅಂತ ವೈದ್ಯ ಗ್ರಂಥ ಬರೆದಾತ ನನಗೆ ಆ ಕ್ಷಣವೇ ಹತ್ತಿರದವನಾದ.

ಅದೇ ಅಧ್ಯಾಯ ಮುಂದೆ ಹೋಗಿ ತಿರುಗುತ್ತದೆ. ತಡೆಯಲೇಬೇಕಾದ ವೇಗಗಳೂ ಇವೆ: ಲೋಭ, ಈರ್ಷ್ಯೆ, ದ್ವೇಷ, ಮಾತ್ಸರ್ಯ, ರಾಗ (ಅಂದರೆ ಮೋಹ) ಮುಂತಾದವು. ನಾವು ಬದುಕುವುದು ಹೆಚ್ಚು ಕಡಿಮೆ ಉಲ್ಟಾ, ಅಲ್ವಾ? ಆಕಳಿಕೆಗೆ ಕೈ ಅಡ್ಡ ಹಿಡಿಯುತ್ತೇವೆ, ಹೊಟ್ಟೆಕಿಚ್ಚಿಗೆ ಅಡ್ಡ ಹಿಡಿಯುವವರನ್ನು ನಾನು ಕಂಡಿಲ್ಲ.

ಮೇಷ್ಟ್ರು ನೋಟ್‌ಬುಕ್ಕಿನ ಹಾಳೆಯನ್ನು ಎರಡು ಭಾಗ ಮಾಡಿಸಿದರು. ಎಡಕ್ಕೆ, ಹೋದ ವಾರ ಹದಿಮೂರರಲ್ಲಿ ಏನೇನು ತಡೆದಿರಿ. ಬಲಕ್ಕೆ, ತಡೆಯಬೇಕಾದದ್ದರಲ್ಲಿ ಏನೇನು ಹರಿಯಲು ಬಿಟ್ಟಿರಿ. ಯಾರಿಗೂ ತೋರಿಸುವುದು ಬೇಡ. ಧ್ಯಾನದಲ್ಲಿ ತೂಕಡಿಸಿದವರೆಲ್ಲ ಈಗ ತಲೆ ಬಗ್ಗಿಸಿ ಬರೆಯುತ್ತಿದ್ದರು. ನನ್ನ ಬಲಭಾಗ ಬೇಗ ತುಂಬಿತು, ಅದರ ವಿವರ ನಿಮಗೆ ಬೇಡ. ಎಡಭಾಗದಲ್ಲಿ ನಿದ್ದೆ ಬರೆದೆ. ಹಸಿವು ಬರೆದೆ. ಆಮೇಲೆ ಮೂತ್ರ ಅಂತ ಬರೆದು, ಮುಂದೆ ಬರೆಯುತ್ತಲೇ ಹೋದೆ.

ನನ್ನ ಕೆಲಸದಲ್ಲಿ ಊರೂರು ಸುತ್ತಬೇಕು. ಹೋಗುವ ಕಡೆ ಶೌಚಾಲಯ ಇರುತ್ತದೋ ಇಲ್ಲವೋ, ಇದ್ದರೆ ಬಾಗಿಲು ಹಾಕಲು ಬರುತ್ತದೋ ಇಲ್ಲವೋ. ಅದಕ್ಕೇ ಬೆಳಿಗ್ಗೆಯಿಂದ ನೀರು ಕುಡಿಯುವುದಿಲ್ಲ. ಮೂತ್ರ ತಡೆಯದಿರಲು ಬಾಯಾರಿಕೆಯನ್ನೇ ತಡೆಯುವುದು. ಒಂದು ವೇಗ ಬರದಿರಲು ಇನ್ನೊಂದಕ್ಕೆ ತಡೆ. ಎಷ್ಟೋ ವರ್ಷದ ಅಭ್ಯಾಸ ಅದು, ಅಭ್ಯಾಸ ಅಂತ ಕೂಡ ಅನ್ನಿಸಿರಲಿಲ್ಲ. ಮಾತಾಡಲು ಯಾರಿಗಾದರೂ ಇಷ್ಟ ಇದೆಯಾ ಅಂತ ಮೇಷ್ಟ್ರು ಕೇಳಿದಾಗ ಇದನ್ನು ಹೇಳಿದೆ. ಗಂಡಸರು ನೆಲ ನೋಡಿದರು. ಹೆಂಗಸರು ಒಬ್ಬರಾದ ಮೇಲೆ ಒಬ್ಬರು ಬಾಯಿ ಬಿಟ್ಟರು. ಬಸ್ಸಿನ ಪ್ರಯಾಣ, ಮದುವೆ ಮನೆ, ಚುನಾವಣೆ ಡ್ಯೂಟಿ, ಮೊದಲ ಗಂಟೆಯಿಂದ ಕೊನೆ ಗಂಟೆ ತನಕ ಪಾಠ ಮಾಡುವ ಟೀಚರು. ಡಾಕ್ಟರಮ್ಮ ಪುಸ್ತಕ ಮುಚ್ಚಿ, ಮೂತ್ರನಾಳದ ಸೋಂಕು ಹೆಂಗಸರಿಗೆ ಯಾಕೆ ಬೇಗ ಆಗುತ್ತದೆ ಅಂತ ಇವತ್ತಿನ ಭಾಷೆಯಲ್ಲೇ ವಿವರಿಸಿದರು. ಮೂತ್ರನಾಳ ಗಿಡ್ಡ, ಅದರ ಮೇಲೆ ನೀರು ಕಡಿಮೆ, ಅದರ ಮೇಲೆ ತಡೆಹಿಡಿಯುವುದು.

ಅಡುಗೆಮನೆಗೆ ಸೊಪ್ಪು ತಂದಿದ್ದ ದೊಡ್ಡಮ್ಮ ಬಾಗಿಲ ಹತ್ತಿರ ನಿಂತು ಕೇಳಿಸಿಕೊಳ್ಳುತ್ತಿದ್ದರು. ಯಾರೂ ಅವರನ್ನು ಕೇಳಲಿಲ್ಲ, ಅವರೇ ಹೇಳಿದರು. "ನಾವೂ ಅಷ್ಟೇ ಕಣ್ರವ್ವ. ಹೊಲಕ್ಕೆ ಬಂದ್ರೆ ಮನೆಗೋಗ ಗಂಟ ನೀರು ಮುಟ್ಟಲ್ಲ. ಸುತ್ತ ನೀವೆಲ್ಲ ಓಡಾಡ್ತಿರ್ತೀರ, ಎಲ್ಲಿಗೋಗದು?"

ಹೊಲದ ಅಂಚಿನಲ್ಲಿ, ಪಂಪ್‌ಹೌಸ್ ಪಕ್ಕ, ಒಳ್ಳೆಯ ಶೌಚಾಲಯ ಇತ್ತು. ಬೆಳಿಗ್ಗೆ ನಾನೇ ಹೋಗಿ ಬಂದಿದ್ದೆ. ಅದರ ಬೀಗದ ಕೈ ಕಚೇರಿಯಲ್ಲಿರುತ್ತಿತ್ತು, ಅತಿಥಿಗಳು ಕೇಳಿದರೆ ಕೊಡುತ್ತಿದ್ದರು. ಹೆಂಗಾಳುಗಳಿಗೆ ಯಾಕಿಲ್ಲ ಅಂತ ನಾವು ಇಬ್ಬರು ಮೂವರು ಕೇಳಿದೆವು. ಕಚೇರಿ ನೋಡಿಕೊಳ್ಳುವ ಹುಡುಗ ಕೆಟ್ಟವನಲ್ಲ. ತೊಳೆಯುವವರು ದಿನಾ ಬರುವುದಿಲ್ಲ, ಬೋರಿನಲ್ಲಿ ನೀರು ಕಡಿಮೆ ಅಂತ ಕಾರಣ ಕೊಟ್ಟ. ಬಿಳಿ ಕುರ್ತಾದವರು ಮೆಲ್ಲಗೆ, "ಹಾಗಾದ್ರೆ ನಮಗೂ ಅವರಿಗೂ ಒಂದೇನಾ?" ಅಂದರು. ಬೆಳಿಗ್ಗೆ ಸಗಣಿಯನ್ನು ಅಮೃತ ಅಂದವರು ಅವರೇ. ಮೇಷ್ಟ್ರು ಏನಾದರೂ ಹೇಳುತ್ತಾರೆ ಅಂತ ಕಾದೆ. ಹೇಳಲಿಲ್ಲ. ಅವರ ಮೇಲಿದ್ದ ಗೌರವ ಅಲ್ಲಿ ಸ್ವಲ್ಪ ಕಡಿಮೆಯಾದದ್ದು ನಿಜ. ಅವರ ಹಾಳೆಯ ಬಲಭಾಗದಲ್ಲಿ ಏನಿತ್ತೋ.

ಅಷ್ಟರಲ್ಲಿ ಊಟದ ಗಂಟೆ ಹೊಡೆದರು. ನನಗೆ ಹಸಿವೆಂದರೆ ಹಸಿವು, ಬೆಳಿಗ್ಗೆಯಿಂದ ಬರೀ ಶುಂಠಿ ನೀರು. ಮುದ್ದೆ, ಹೆಸರುಕಾಳು ಹಾಕಿದ ಸೊಪ್ಪಿನ ಸಾರು, ಮೇಲೆ ತುಪ್ಪ. ಮಳೆಗಾಲದಲ್ಲಿ ಜಠರಾಗ್ನಿ ಮಂದ ಅಂತ ಹೆಸರುಕಾಳು. ಹೊಟ್ಟೆಯ ಎರಡು ಪಾಲು ಅನ್ನಕ್ಕೆ, ಒಂದು ಪಾಲು ನೀರಿಗೆ, ಒಂದು ಪಾಲು ಗಾಳಿಗೆ ಬಿಡಬೇಕಂತೆ. ಗಾಳಿಯ ಪಾಲನ್ನೂ ನಾನು ಮುದ್ದೆಗೇ ಕೊಟ್ಟೆ.

ಊಟ ಮುಗಿಸಿ ಕೈ ತೊಳೆಯುವಾಗ ಡಾಕ್ಟರಮ್ಮ ಕಚೇರಿಯಿಂದ ಬೀಗದ ಕೈ ಹಿಡಿದು ಬರುತ್ತಿದ್ದರು. ಬೋರಿನ ನೀರಿನ ಲೆಕ್ಕ ಯಜಮಾನ್ರನ್ನು ಕೇಳಿದರಂತೆ. ಸಸಿಗಳಿಗೆ ಬಿಡುವ ನೀರಿನಲ್ಲಿ ಇದು ಲೆಕ್ಕಕ್ಕೇ ಬರಲ್ಲ ಅಂದರಂತೆ ಅವರು. ಬೀಗ ತೆಗೆದು, ಚಿಲಕ ಒಳಗಿನಿಂದ ಬೀಳುತ್ತದಾ ಅಂತ ಹಾಕಿ ನೋಡಿದರು. ನಾನು ಬದುವಿನ ಕಡೆ ಹೋಗಿ ಹೆಂಗಸರಿಗೆ ಹೇಳಿದೆ. ಮೊದಲು ಯಾರೂ ಏಳಲಿಲ್ಲ. ಆಮೇಲೆ ದೊಡ್ಡಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಬಂದು, ಒಳಗೆ ಇಣುಕಿ, ನಲ್ಲಿ ತಿರುಗಿಸಿ, ನಮ್ಮಿಬ್ಬರ ಕಡೆ ತಿರುಗಿದರು.

"ಬಕೀಟೆಲ್ಲವ್ವ?"

ಬಕೆಟ್ಟು ಇರಲಿಲ್ಲ. ಜೀವಾಮೃತಕ್ಕೆ ಇಟ್ಟಿದ್ದರಲ್ಲಿ ಒಂದನ್ನು ತೊಳೆದು ತಂದುಕೊಟ್ಟೆವು.