ಮಗಳ ಬುವ್ವ

ಮಗಳಿಗೆ ಆರು ತಿಂಗಳು ತುಂಬಿದ್ದು ಸೆಪ್ಟೆಂಬರ್ ತಿಂಗಳ ಒಂದು ಭಾನುವಾರ. ಇಂಗ್ಲೆಂಡಿನ ಲೆಸ್ಟರಿನಲ್ಲಿ ಅವತ್ತು ಒಳ್ಳೆ ಬಿಸಿಲು. ಮಧ್ಯಾಹ್ನ 12 ಗಂಟೆಗೆ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ಅಮ್ಮನಿಗೆ ವಿಡಿಯೋ ಕಾಲ್ ಮಾಡಿದೆ. ಊರಿನಲ್ಲಿ ಆಗ ಸಂಜೆ 4:30, ಹಾಲು ಕರೆದು ಡೈರಿಗೆ ಹಾಕುವ ಹೊತ್ತು. ಅವತ್ತು ಮಾತ್ರ ಅಮ್ಮ ಕ್ಯಾನನ್ನು ಅಪ್ಪನ ಕೈಗೆ ಕೊಟ್ಟು ಕಳಿಸಿ, ಒಗೆದ ಸೀರೆ ಉಟ್ಟು, ಜಗಲಿ ಮೇಲೆ ಕೂತಿದ್ದಳು. ಮೊಮ್ಮಗಳು ಮೊದಲ ತುತ್ತು ತಿನ್ನುವುದನ್ನು ನೋಡಬೇಕಲ್ವಾ?

ಬಟ್ಟಲಲ್ಲಿ ಎರಡೇ ಎರಡು ಚಮಚ ರಾಗಿ ಸರಿ. ಬೆಲ್ಲ ಇಲ್ಲ, ಉಪ್ಪು ಇಲ್ಲ. ಹೆಂಡತಿ ಮಗಳನ್ನು ತೊಡೆ ಮೇಲೆ ನೆಟ್ಟಗೆ ಕೂರಿಸಿಕೊಂಡಿದ್ದಳು. ನಾನು ಚಮಚದ ತುದಿಯಲ್ಲಿ ಸ್ವಲ್ಪ ತೆಗೆದು ತುಟಿಗೆ ತಾಗಿಸಿದೆ. ಮುಖ ಹುಳ್ಳಗೆ ಮಾಡಿದಳು. ನಾಲಿಗೆಯಿಂದ ಎಲ್ಲವನ್ನೂ ಹೊರಗೆ ತಳ್ಳಿದಳು. ಗದ್ದದ ಮೇಲೆ ಕಂದು ಬಣ್ಣದ ಗೆರೆ ಇಳಿಯಿತು. ಅಲ್ಲಿಂದ ಅಮ್ಮ, "ಅವಸರ ಮಾಡ್ಬೇಡ ಕಣಪ್ಪಾ, ನಾಲಿಗೆಗೆ ರುಚಿ ಗೊತ್ತಾಗ್ಲಿ" ಅಂದಳು. ಎರಡನೇ ಸಲವೂ ಹಾಗೇ ಆಯಿತು. ಮೂರನೇ ಸಲ ಚಮಚ ಇನ್ನೂ ದೂರದಲ್ಲಿರುವಾಗಲೇ ಅದನ್ನು ನೋಡಿದಳು. ಎರಡೂ ಕೈ ಅಲ್ಲಾಡಿಸಿದಳು. ಹಗ್ಗ ಬಿಚ್ಚಿದ ತಕ್ಷಣ ಕರು ತಾಯಿಯ ಕಡೆ ಮೂತಿ ಚಾಚುತ್ತದಲ್ಲ, ಹಾಗೆ ಮುಂದಕ್ಕೆ ಬಾಗಿ ಬಾಯಿ ತೆರೆದಳು. ತಾನಾಗೇ.

ನಮ್ಮಿಬ್ಬರಿಗೂ ಮಾತು ಬರಲಿಲ್ಲ. ಅಮ್ಮ ಮಾತ್ರ ಫೋನಿನಲ್ಲಿ ನೆಟಿಕೆ ಮುರಿಯುತ್ತಿದ್ದಳು.

ನಮ್ಮೂರು ಕೋಲಾರದಿಂದ ಶ್ರೀನಿವಾಸಪುರಕ್ಕೆ ಹೋಗುವ ದಾರಿಯಲ್ಲಿ ಬರುತ್ತದೆ. ಇಂಗ್ಲೆಂಡಿಗೆ ಬಂದು ಐದು ವರ್ಷವಾಯಿತು. ಇಲ್ಲಿ ಹೆರಿಗೆ ರಜೆಯಲ್ಲಿ ಒಂದು ಪಾಲನ್ನು ಅಪ್ಪನೂ ತೆಗೆದುಕೊಳ್ಳಬಹುದು, 50 ವಾರದವರೆಗೆ ಇಬ್ಬರೂ ಹಂಚಿಕೊಳ್ಳಬಹುದು. ಅಕ್ಟೋಬರಿನಲ್ಲಿ ಹೆಂಡತಿ ಕೆಲಸಕ್ಕೆ ಹೊರಟಳು, ನಾನು ಮಗಳ ಜೊತೆ ಮನೆಯಲ್ಲಿ ಉಳಿದೆ. ಇದನ್ನು ಊರಿಗೆ ಹೇಳಿದಾಗ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ನಿಂಗೆ ನಾನು ಒಂದು ತುತ್ತು ತಿನ್ನಿಸಿದ್ದೂ ನೆನಪಿಲ್ಲ ಕಣಪ್ಪಾ. ಹೊಲ, ಕಣ, ಮಂಡಿ ಅಂತಾನೇ ಕಳೆದುಹೋಯ್ತು" ಅಂದರು. ಆ ಮಾತು ನನ್ನೊಳಗೆ ಹಾಗೇ ಕೂತುಬಿಟ್ಟಿತು. ಇವಳಿಗೆ ದಿನಾ ಬಟ್ಟಲು ಹಿಡಿದು ಕೂರುವಾಗೆಲ್ಲ ನೆನಪಾಗುತ್ತಿತ್ತು.

ಮಗುವಿನ ಊಟದ ವಿಷಯದಲ್ಲಿ ಅಮ್ಮನಿಗೂ ಇಲ್ಲಿ ಮನೆಗೆ ಬಂದು ನೋಡಿಹೋಗುವ ನರ್ಸಿಗೂ ನಡುವೆ ನಾನು ನಿಂತಿದ್ದೆ. ಅಮ್ಮ ಜೇನುತುಪ್ಪ ನೆಕ್ಕಿಸು ಅನ್ನುತ್ತಾಳೆ, ನರ್ಸ್ ಒಂದು ವರ್ಷ ತುಂಬುವವರೆಗೆ ಬೇಡವೇ ಬೇಡ ಅನ್ನುತ್ತಾರೆ. ಜೇನಿನಲ್ಲಿ ಒಮ್ಮೊಮ್ಮೆ ಇರುವ ಒಂದು ಬ್ಯಾಕ್ಟೀರಿಯಾದ ಬೀಜಾಣು ಎಳೆ ಕರುಳಿನಲ್ಲಿ ಬೆಳೆದು ವಿಷವಾಗುತ್ತದಂತೆ. ಇದನ್ನು ನಾನು ಅಮ್ಮನಿಗೆ ಬಿಡಿಸಿ ಹೇಳಿದೆ, ಒಪ್ಪಿಕೊಂಡಳು. ಬೆಲ್ಲದ ಬದಲು ಹಣ್ಣಾದ ಬಾಳೆಹಣ್ಣು ಹಿಚುಕಿ ಹಾಕಿದೆ, ಅದಕ್ಕೂ ಸರಿ ಅಂದಳು. ಕಡಲೆಕಾಯಿಯನ್ನು ನುಣ್ಣಗೆ ಅರೆದು ಆರು ತಿಂಗಳಿಂದಲೇ ಸ್ವಲ್ಪ ಸ್ವಲ್ಪ ಕೊಡಬಹುದು ಅಂತ ನರ್ಸ್ ಹೇಳಿದಾಗ ಮಾತ್ರ ಅಮ್ಮ ನಂಬಲಿಲ್ಲ. ಪಿತ್ತ ಆಗೋಲ್ವಾ ಅಂತ ಮೂರು ಸಲ ಕೇಳಿದಳು. ಬೇಗ ಕೊಟ್ಟರೆ ಕಡಲೆಕಾಯಿ ಅಲರ್ಜಿ ಬರುವುದು ಕಡಿಮೆ ಅಂತ ಲಂಡನ್ನಿನಲ್ಲಿ ನಡೆದ ಒಂದು ದೊಡ್ಡ ಅಧ್ಯಯನ 2015ರಲ್ಲಿ ತೋರಿಸಿತು. ಇಡೀ ಬೀಜ ಮಾತ್ರ ಐದು ವರ್ಷದವರೆಗೆ ಕೊಡಬಾರದು, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ಒಂದು ವಿಷಯದಲ್ಲಿ ನಾನು ಅಮ್ಮನ ಮಾತು ಕೇಳಲಿಲ್ಲ. ನನಗೆ ಹಾಲು ಕುಡಿಸಿದ ಹಳೆಯ ಒಳಲೆಯನ್ನು ಅವಳು ಕಳಿಸಿದ್ದಳು. ಕಾಲು ನೀಡಿ, ಮಗುವನ್ನು ಕಾಲ ಮೇಲೆ ಅಂಗಾತ ಮಲಗಿಸಿ, ಒಳಲೆಯ ಮೂತಿಯಿಂದ ಸರಿಯನ್ನು ಬಾಯಿಗೆ ಇಳಿಬಿಡುವುದು ನಮ್ಮ ಕಡೆ ವಾಡಿಕೆ. ಮಗು ಅತ್ತರೂ ನುಂಗಲೇಬೇಕು. ಹಾಗೆ ಬೆಳೆದವರೇ ನಾವೆಲ್ಲ, ಅದರಲ್ಲಿ ಪ್ರೀತಿಗೇನೂ ಕಡಿಮೆ ಇರಲಿಲ್ಲ. ಆದರೆ ಕೂರಿಸಿ, ಅವಳೇ ಬಾಯಿ ತೆರೆಯುವವರೆಗೆ ಕಾಯುವುದೇ ಸರಿ ಅಂತ ನನಗೆ ಅನ್ನಿಸಿದೆ. ಅವಳು ಬೇಡ ಅಂತ ಮುಖ ತಿರುಗಿಸಿದರೆ ಊಟ ಮುಗಿಯಿತು ಅಂತಲೇ ಲೆಕ್ಕ. ಒಳಲೆ ಈಗ ಅಡುಗೆಮನೆ ಕಿಟಕಿಯಲ್ಲಿದೆ, ಬಿಸಿಲು ಬಿದ್ದಾಗ ಹೊಳೆಯುತ್ತದೆ.

ಅಮ್ಮ ಕಳಿಸಿದ್ದ ಎರಡು ಕೆಜಿ ಸರಿಹಿಟ್ಟು ನವೆಂಬರಿನಲ್ಲಿ ಮುಗಿಯಿತು. ನಾನೇ ಮಾಡಲು ಕೂತೆ. ಇಲ್ಲಿನ ನಮ್ಮ ಕಡೆಯವರ ಅಂಗಡಿಯಲ್ಲಿ ಇಡೀ ರಾಗಿ ಸಿಕ್ಕಿತು. ಕಲ್ಲು ಆರಿಸಿ, ನಾಲ್ಕು ನೀರು ತೊಳೆದು, ರಾತ್ರಿ ನೆನೆಹಾಕಿ, ಬೆಳಗ್ಗೆ ನನ್ನ ಹಳೇ ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿದೆ. ಊರಿನಲ್ಲಿ ಒಂದೂವರೆ ದಿನಕ್ಕೆ ಮೊಳಕೆ ಒಡೆಯುತ್ತದೆ. ಇಲ್ಲಿನ ಚಳಿಗೆ ಎರಡು ದಿನವಾದರೂ ಸುಮ್ನೆ ಕೂತಿತ್ತು. ಕೊನೆಗೆ ಬಿಸಿನೀರಿನ ಬಾಯ್ಲರ್ ಇರುವ ಕಪಾಟಿನೊಳಗೆ ಇಟ್ಟೆ. ನಾಲ್ಕನೇ ದಿನ ಗಂಟು ಬಿಚ್ಚಿದರೆ ಕೆಂಪು ಕಾಳಿನ ತುದಿಯಲ್ಲೆಲ್ಲ ಬಿಳಿ ಮೊಳಕೆ, ಮಳೆ ಬಿದ್ದ ಹೊಲದ ವಾಸನೆ! ಮಗಳನ್ನು ಎತ್ತಿಕೊಂಡು ತೋರಿಸಿದೆ. ಮುಷ್ಟಿ ಹಾಕಿ ಹಿಡಿದಳು, ಬೆರಳ ಸಂದಿಯಲ್ಲಿ ಕಾಳು ಅಂಟಿಕೊಂಡವು. ಆಮೇಲೆ ನೆರಳಲ್ಲಿ ಒಣಗಿಸಿ, ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ, ಮೊಳಕೆ ಉದುರುವಂತೆ ಉಜ್ಜಿ, ಮಿಕ್ಸಿಯಲ್ಲಿ ಪುಡಿ ಮಾಡಿ, ಅದೇ ಪಂಚೆಯ ಇನ್ನೊಂದು ತುಂಡನ್ನು ಪಾತ್ರೆಯ ಬಾಯಿಗೆ ಕಟ್ಟಿ ಹಿಟ್ಟು ಸೋಸಿದೆ. ಅಂಗೈಯಿಂದ ಮೆಲ್ಲಗೆ ಸವರಿದಷ್ಟೂ ಒಳಗೆ ನುಣುಪಾದ ಹಿಟ್ಟು ಬೀಳುತ್ತದೆ, ತೌಡು ಮೇಲೆ ನಿಲ್ಲುತ್ತದೆ. ಅರ್ಧ ಕೆಜಿ ಹಿಟ್ಟಿಗೆ ಇಡೀ ಸಂಜೆ ಹಿಡಿಯಿತು.

ಇಷ್ಟೆಲ್ಲ ಯಾಕೆ ಅಂದರೆ, ಮೊಳಕೆ ಒಡೆಯುವಾಗ ಕಾಳಿನಲ್ಲಿ ಹಿಟ್ಟಿನಂಶವನ್ನು ಒಡೆಯುವ ಕಿಣ್ವ ಹುಟ್ಟುತ್ತದೆ. ಹಾಗಾಗಿ ಗಂಜಿ ಗಂಟು ಕಟ್ಟಿ ಬಿಗಿಯಾಗುವುದಿಲ್ಲ. ಅದೇ ತೆಳುವಿನಲ್ಲಿ ಜಾಸ್ತಿ ಹಿಟ್ಟು ಹಿಡಿಸುತ್ತದೆ, ಪುಟ್ಟ ಹೊಟ್ಟೆಗೆ ಸ್ವಲ್ಪದರಲ್ಲೇ ಶಕ್ತಿ ಸಿಗುತ್ತದೆ, ಜೀರ್ಣವೂ ಸುಲಭ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇರುತ್ತದೆ. ಅಕ್ಕಿಯಲ್ಲೂ ಗೋಧಿಯಲ್ಲೂ ಅದರ ಕಾಲು ಭಾಗವೂ ಇಲ್ಲ. ಆರು ತಿಂಗಳ ಹೊತ್ತಿಗೆ ಮಗು ತಾಯಿಯ ಹೊಟ್ಟೆಯಿಂದ ತಂದ ಕಬ್ಬಿಣದ ಅಂಶ ಕಡಿಮೆಯಾಗುತ್ತಾ ಬರುತ್ತದೆ, ಹಾಗಾಗಿ ರಾಗಿ ಒಂದೇ ಸಾಲದು ಅಂತ ಬೇಳೆ, ಸೊಪ್ಪು, ಚೆನ್ನಾಗಿ ಬೆಂದ ಮೊಟ್ಟೆಯನ್ನೂ ಶುರು ಮಾಡಿದೆವು.

ನಮ್ಮ ಬಡಾವಣೆಯ ಲೈಬ್ರರಿಯಲ್ಲಿ ವಾರಕ್ಕೊಮ್ಮೆ ಪುಟ್ಟ ಮಕ್ಕಳನ್ನು ಕೂರಿಸಿಕೊಂಡು ಹಾಡು ಹೇಳಿಕೊಡುತ್ತಾರೆ. ಒಂದು ದಿನ ಹಾಡು ಮುಗಿದ ಮೇಲೆ ಮೂಲೆಯಲ್ಲಿ ಕೂತು ಮಗಳಿಗೆ ಸರಿ ತಿನ್ನಿಸುತ್ತಿದ್ದೆ. ಪಕ್ಕದಲ್ಲಿ ಗಂಡು ಮಗುವನ್ನು ಬೆನ್ನಿಗೆ ಬಟ್ಟೆಯಲ್ಲಿ ಕಟ್ಟಿಕೊಂಡ ಒಬ್ಬ ತಾಯಿ ನಿಂತಿದ್ದರು. ಬಟ್ಟಲು ನೋಡಿ ಹತ್ತಿರ ಬಂದರು, ಬಗ್ಗಿ ವಾಸನೆ ತೆಗೆದುಕೊಂಡರು. "ಇದು ಉಜಿ ಅಲ್ವಾ? ವಿಂಬಿ ಹಿಟ್ಟಿಂದು?" ಅಂತ ಕೇಳಿದರು.

ಅವರು ಕೆನ್ಯಾದವರು, ವಿಕ್ಟೋರಿಯಾ ಸರೋವರದ ದಡದ ಕಿಸುಮು ಕಡೆಯವರು. ಸ್ವಾಹಿಲಿಯಲ್ಲಿ ವಿಂಬಿ ಅಂದರೆ ರಾಗಿ, ಉಜಿ ಅಂದರೆ ಗಂಜಿ. ಅವರ ಕಡೆಯಲ್ಲೂ ಮಕ್ಕಳಿಗೆ ಮೊದಲು ಕೊಡುವುದು ಇದನ್ನೇ. ತಮ್ಮ ತಾಯಿ ಕಳಿಸಿದ ಹಿಟ್ಟು ಮುಗಿದುಹೋಗಿ ತಿಂಗಳಾಯಿತು ಅಂದರು. ನಾನು ಡಬ್ಬಿಯಲ್ಲಿದ್ದ ಇನ್ನೊಂದು ಬಟ್ಟಲು ಸರಿಯನ್ನು ಕೊಟ್ಟೆ. ಅವರ ಮಗ ಒಂದೇ ಉಸಿರಿಗೆ ಖಾಲಿ ಮಾಡಿದ, ನನ್ನ ಮಗಳು ಚಮಚ ಕಚ್ಚಿಕೊಂಡು ಅವನನ್ನೇ ನೋಡುತ್ತಿದ್ದಳು.

ಮನೆಗೆ ಬರುವ ದಾರಿಯಲ್ಲಿ ತಾತನ ನೆನಪಾಯಿತು. ತಾತ 'ಇಂಡಾಫ್' ರಾಗಿ ಬಿತ್ತುತ್ತಿದ್ದರು. ಆ ಹೆಸರಿನ ಅರ್ಥ ನನಗೆ ಗೊತ್ತಾಗಿದ್ದು ದೊಡ್ಡವನಾದ ಮೇಲೆ: ಇಂಡಿಯಾದ ಇಂಡ್, ಆಫ್ರಿಕಾದ ಆಫ್. ಮಂಡ್ಯದ ವಿ.ಸಿ. ಫಾರಂ ಅನ್ನುವ ಕೃಷಿ ಸಂಶೋಧನಾ ಕೇಂದ್ರದಲ್ಲಿ ಡಾ. ಲಕ್ಷ್ಮಣಯ್ಯನವರು ನಮ್ಮ ರಾಗಿಗೆ ಆಫ್ರಿಕಾದ ರಾಗಿಯನ್ನು ಕೂಡಿಸಿ ಮಾಡಿದ ತಳಿಗಳು ಅವು. 1970ರ ದಶಕದಿಂದ ನಮ್ಮ ಕಡೆಯ ಹೊಲಗಳಿಗೆ ಬಂದವು. ರಾಗಿಯ ತೆನೆ ಸಣ್ಣದು, ಹೂವು ಅದಕ್ಕಿಂತ ಸಣ್ಣದು, ಕೂಡಿಸುವುದು ಎಷ್ಟು ತಾಳ್ಮೆಯ ಕೆಲಸವೋ! ರಾಗಿ ಲಕ್ಷ್ಮಣಯ್ಯ ಅಂತಲೇ ಜನ ಅವರನ್ನು ಕರೆದರು. ರಾಗಿಯ ತವರೇ ಪೂರ್ವ ಆಫ್ರಿಕಾದ ಎತ್ತರದ ಸೀಮೆ, ಸಾವಿರಾರು ವರ್ಷದ ಹಿಂದೆ ಅಲ್ಲಿಂದ ಬಂದದ್ದು. ನಾನು ತಿಂದು ಬೆಳೆದ ಮುದ್ದೆಗೆ ಕಿಸುಮು ಕಡೆಯವರ ಜೊತೆ ಇಷ್ಟು ಹತ್ತಿರದ ನೆಂಟಸ್ತಿಕೆ ಇದೆ ಅನ್ನುವುದು ಅವತ್ತು ತಳ್ಳುಗಾಡಿ ತಳ್ಳುತ್ತಾ ತುಂಬಾ ಖುಷಿ ಕೊಟ್ಟಿತು. ಆಮೇಲಿಂದ ನಮ್ಮಿಬ್ಬರ ಮಕ್ಕಳೂ ವಾರ ವಾರ ಜೊತೆಗೇ ತಿನ್ನುತ್ತಾರೆ.

ಡಿಸೆಂಬರಿನಲ್ಲಿ ಇಲ್ಲಿ ನಾಲ್ಕು ಗಂಟೆಗೆ ಮೊದಲೇ ಸೂರ್ಯ ಮುಳುಗುತ್ತಾನೆ. ಎಲ್ಲರೂ ಬೇಸರ ಪಡುತ್ತಾರೆ, ನನಗೆ ಮಾತ್ರ ಅದರಿಂದ ಒಂದು ಉಪಕಾರವಾಯಿತು. ಬೇಸಿಗೆಯಲ್ಲಿ ರಾತ್ರಿ ಒಂಬತ್ತೂವರೆಗೂ ಬೆಳಕು, ಚಂದಮಾಮ ಕಾಣುವ ಹೊತ್ತಿಗೆ ಮಗಳು ನಿದ್ದೆ. ಈಗ ಅವಳ ಸಂಜೆಯ ಊಟಕ್ಕೆ ಸರಿಯಾಗಿ ಆಕಾಶದಲ್ಲಿ ಚಂದ್ರ ಇರುತ್ತಿದ್ದ. ಕಿಟಕಿ ಹತ್ತಿರ ನಿಂತು, "ಚಂದಮಾಮಂಗೊಂದು, ಪುಟ್ಟಿಗೊಂದು" ಅಂತ ತಿನ್ನಿಸುತ್ತಿದ್ದೆ. ಕೆಳಗಿನ ಎರಡು ಹಲ್ಲು ಬಂದಿದ್ದವು. ಚಮಚಕ್ಕೆ ತಾಗಿ ಟಿಕ್ ಅಂತ ಸದ್ದು ಬರುವುದು. ಒಂದು ಸಂಜೆ ನಾನು ಬಟ್ಟಲು ತೊಳೆಯುತ್ತಿರುವಾಗ ಹಿಂದಿನಿಂದ "ಬುವ್ವ" ಅಂತ ಕೇಳಿಸಿತು. ತಿರುಗಿ ನೋಡಿದರೆ ಕಿಟಕಿಗೆ ಕೈ ತೋರಿಸುತ್ತಿದ್ದಾಳೆ. ತೆಲುಗು, ಕನ್ನಡ ಎರಡೂ ಬೆರೆತ ನಮ್ಮ ಸೀಮೆಯಲ್ಲಿ ಮಕ್ಕಳ ಊಟಕ್ಕೆ ಬುವ್ವ ಅಂತಲೇ ಅನ್ನುವುದು. ಅವಳ ಮೊದಲ ಮಾತು ಅದು. ಅಪ್ಪನೂ ಅಲ್ಲ, ಅಮ್ಮನೂ ಅಲ್ಲ. ಚಂದ್ರನಿಗೂ ಅದೇ ಹೆಸರು.

ಸಂಕ್ರಾಂತಿಗೆ ಊರಿಗೆ ಬಂದೆವು. ಹತ್ತು ತಿಂಗಳ ಮಗು. ದೇವನಹಳ್ಳಿಯಲ್ಲಿ ಇಳಿದು, ವಿಜಯಪುರ, ವೇಮಗಲ್ ದಾಟಿ ಮನೆ ಮುಟ್ಟಿದಾಗ ಅಮ್ಮ ಆರತಿ ತಟ್ಟೆ ಹಿಡಿದು ನಿಂತಿದ್ದಳು. ಹಬ್ಬದ ದಿನ ಎಲಚಿ ಹಣ್ಣು, ಕಬ್ಬಿನ ಚೂರು, ಚಿಲ್ಲರೆ ಕಾಸು ಎಲ್ಲ ಸೇರಿಸಿ ಅವಳ ತಲೆ ಮೇಲೆ ಕರಿ ಎರೆದರು. ಕೋಲಾರಮ್ಮನ ಗುಡಿಗೂ ಹೋಗಿಬಂದೆವು. ಚೇಳಿನ ಕಾಟ ಬೇಡ ಅಂತ ಅಮ್ಮ ಮೊಮ್ಮಗಳ ಕೈಯಲ್ಲಿ ಚೇಳಮ್ಮನ ಹುಂಡಿಗೆ ಕಾಸು ಹಾಕಿಸಿದಳು.

ಅವರೆಕಾಯಿ ಕಾಲ. ಮನೆ ತುಂಬ ಸೊಗಡಿನ ವಾಸನೆ. ಸಂಜೆ ಅತ್ತಿಗೆ, ಅಮ್ಮ, ಪಕ್ಕದ ಮನೆಯವರು ಸುತ್ತ ಕೂತು ನೆನೆದ ಕಾಳು ಹಿತಕುತ್ತಿದ್ದರೆ, ಮಗಳು ನಡುವೆ ಕೂತು ಜಾರುವ ಬೇಳೆಯನ್ನು ಹಿಡಿಯಲು ನೋಡುತ್ತಿದ್ದಳು. ಹಿಡಿದಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳದ ಹಾಗೆ ನಾನು ಕಾವಲು.

ಮಾರನೇ ದಿನ ಕಣದಲ್ಲಿ ಹೊಸ ರಾಗಿ ರಾಶಿ ಮಾಡಿದ್ದರು. ಅಪ್ಪ ಮೊಮ್ಮಗಳನ್ನು ಎತ್ತಿಕೊಂಡು ಹೋಗಿ ರಾಶಿಯ ಅಂಚಿನಲ್ಲಿ ಕೂರಿಸಿದರು. ಅವಳು ಎರಡೂ ಕೈಯನ್ನು ಮೊಣಕೈವರೆಗೆ ಒಳಗೆ ತೂರಿಸಿ ಸುಮ್ಮನೆ ಕೂತಳು. ಕಾಳಿನ ತಂಪು ಅವಳಿಗೆ ಹಿಡಿಸಿತ್ತು. ಅಷ್ಟರಲ್ಲಿ ಅಮ್ಮ ಊಟ ತಂದಳು. ಮುದ್ದೆ, ಹಿತಕಿದ ಬೇಳೆ ಸಾರು, ಮಗುವಿಗೆ ಅಂತ ಉಪ್ಪು ಖಾರ ಬೀಳುವ ಮೊದಲೇ ತೆಗೆದಿಟ್ಟ ಬೇಳೆ ಕಟ್ಟು. ನಾನು ಬಟ್ಟಲಿಗೆ ಕೈ ಚಾಚಿದೆ. ಅಪ್ಪ ನನಗಿಂತ ಮೊದಲೇ ತೆಗೆದುಕೊಂಡರು.

ಬಿಸಿ ಮುದ್ದೆಯ ಅಂಚಿನಿಂದ ಕಡಲೆಕಾಳಿನಷ್ಟು ಮುರಿದು, ಕಟ್ಟಿನಲ್ಲಿ ಅದ್ದಿ, ಹೆಬ್ಬೆರಳಿನಿಂದ ನುಣ್ಣಗೆ ಹಿಚುಕಿ, ಊದಿ, ತಮ್ಮ ತುಟಿಗೆ ತಾಗಿಸಿ ಬಿಸಿ ನೋಡಿಕೊಂಡರು. ಆ ಬೆರಳುಗಳು ನಾನು ಕಂಡಾಗಿನಿಂದ ಗುದ್ದಲಿ ಹಿಡಿದವು, ಟೊಮೆಟೊ ಬಾಕ್ಸ್ ಎತ್ತಿದವು. ಅವಳ ಬಾಯಿಯ ಮುಂದೆ ತಂದು ನಿಲ್ಲಿಸಿ ಕಾದರು. ನಾನು ಹೇಳಿಕೊಟ್ಟಿರಲಿಲ್ಲ. ಅವಳು ತಾತನ ಮುಖ ನೋಡಿದಳು, ಮೀಸೆ ನೋಡಿದಳು, ಬೆರಳು ನೋಡಿದಳು. ಬಾಯಿ ತೆರೆದಳು. ಅಪ್ಪ ತಲೆ ಎತ್ತಿ ನನ್ನ ಕಡೆ ನೋಡಿ, "ತಿಂದ್ಳು ಕಣೋ" ಅಂದರು.

ಆಮೇಲೆ ಆ ಮೂರು ವಾರ ಮಗಳ ಮಧ್ಯಾಹ್ನದ ಊಟ ಅಪ್ಪನದೇ. ನಾನು ಪಕ್ಕದಲ್ಲಿ ಕೂತು ನೋಡುತ್ತಿದ್ದೆ.

ಹೊರಡುವ ದಿನ ಅಮ್ಮ ಆ ರಾಶಿಯದೇ ನಾಲ್ಕು ಕೆಜಿ ರಾಗಿಯನ್ನು ಆರಿಸಿ, ತೊಳೆದು ಒಣಗಿಸಿ, ಎರಡು ಚೀಲ ಮಾಡಿ ಕಟ್ಟಿದಳು. ಎರಡನೇ ಚೀಲ ಯಾರಿಗೆ ಅಂತ ಕೇಳಿದೆ. "ಆ ಕೆನ್ಯಾ ಹುಡುಗೀಗೆ ಕಣೋ. ಹಿಟ್ಟು ಮುಗಿದಿದೆ ಅಂದಿದ್ದೆಯಲ್ಲ" ಅಂದಳು. ಈಗ ಎರಡೂ ಚೀಲ ಲೆಸ್ಟರಿಗೆ ಬಂದಿವೆ. ನಮ್ಮ ಪಾಲಿನದು ಪಂಚೆಯ ಗಂಟಿನಲ್ಲಿ ಬಾಯ್ಲರ್ ಪಕ್ಕ ಮೊಳಕೆಗೆ ಕೂತಿದೆ. ಇನ್ನೊಂದನ್ನು ತಳ್ಳುಗಾಡಿಯ ಕೆಳಗಿನ ಬುಟ್ಟಿಯಲ್ಲಿ ಇಟ್ಟಿದ್ದೇನೆ, ನಾಳೆ ಲೈಬ್ರರಿಗೆ ಹೋಗುವ ದಿನ.