ಓಡದ ಕಾರಿಗೂ ವಯಸ್ಸಾಗುತ್ತದೆ

"ವರ್ಷಕ್ಕೆ ನಾಲ್ಕು ಸಾವಿರ ಕಿಲೋಮೀಟರೂ ಓಡಿಲ್ಲ, ಈ ಸಲ ಸರ್ವಿಸ್ ಬೇಡ ಬಿಡಿ" ಎನ್ನುವ ಮಾತು ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಿ ಈಗ ತುಂಬ ಸಾಮಾನ್ಯ. ಆಫೀಸಿಗೆ ಮೆಟ್ರೊ ಇದೆ, ಇಲ್ಲವೇ ಮನೆಯಿಂದಲೇ ಕೆಲಸ. ಕಾರು ಹೊರಗೆ ಬರುವುದು ವಾರದ ಸಾಮಾನಿಗೆ, ಮಕ್ಕಳ ಟ್ಯೂಷನ್‌ಗೆ, ಹಬ್ಬಕ್ಕೆ ಊರಿಗೆ ಹೋಗುವಾಗ. ಸರ್ವಿಸ್ ಪುಸ್ತಕದಲ್ಲಿ "10,000 ಕಿ.ಮೀ. ಅಥವಾ 12 ತಿಂಗಳು, ಯಾವುದು ಮೊದಲೋ ಅದು" ಎಂದಿದ್ದರೆ ನಾವು ಓದುವುದು ಮೊದಲ ಅರ್ಧವನ್ನು ಮಾತ್ರ. ಇಂಥ ಕಾರುಗಳ ಮಟ್ಟಿಗೆ ಎರಡನೆಯ ಅರ್ಧವೇ ಮುಖ್ಯ. ಗೇರು, ಕ್ಲಚ್ಚು, ಬೇರಿಂಗು ಸವೆಯುವುದು ಓಟದಿಂದ ನಿಜ. ಆದರೆ ಆಯಿಲ್, ಕೂಲೆಂಟ್, ಬ್ರೇಕ್ ಫ್ಲೂಯಿಡ್, ರಬ್ಬರ್, ಬ್ಯಾಟರಿ ಇವೆಲ್ಲ ನಿಂತಲ್ಲೇ ಹಳೆಯವಾಗುತ್ತವೆ.

ಮೊದಲು ಇಂಜಿನ್ ಆಯಿಲ್. ಡ್ಯಾಶ್‌ಬೋರ್ಡಿನ ಟೆಂಪರೇಚರ್ ಮುಳ್ಳು ತೋರಿಸುವುದು ಕೂಲೆಂಟಿನ ಬಿಸಿಯನ್ನು. ಅದು ಐದಾರು ನಿಮಿಷದಲ್ಲಿ ನಡುಮಟ್ಟಕ್ಕೆ ಬರುತ್ತದೆ. ಆಯಿಲ್ ಪೂರ್ತಿ ಬಿಸಿಯಾಗಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಮನೆಯಿಂದ ಎರಡು ಕಿಲೋಮೀಟರ್ ಹೋಗಿ ಆಫ್ ಮಾಡಿದರೆ ಇಂಜಿನ್ನಿನ ಒಳಗೆ ಕೂಡಿಕೊಂಡ ನೀರಿನ ಪಸೆ ಮತ್ತು ಸುಡದೆ ಉಳಿದ ಪೆಟ್ರೋಲ್ ಆರಿಹೋಗುವುದಿಲ್ಲ, ಆಯಿಲಿನಲ್ಲೇ ಬೆರೆತು ಉಳಿಯುತ್ತವೆ. ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ಒಳಬದಿ ನೋಡಿ. ಬೆಣ್ಣೆಯಂಥ ಬಿಳಿ-ಕಂದು ಪದಾರ್ಥ ತೆಳುವಾಗಿ ಮೆತ್ತಿಕೊಂಡಿದ್ದರೆ ಅದು ಸಾಮಾನ್ಯವಾಗಿ ಈ ಸಣ್ಣ ಓಡಾಟದ ಫಲ. ಕೂಲೆಂಟ್ ಮಟ್ಟವೂ ಇಳಿಯುತ್ತಿದ್ದರೆ, ಅಥವಾ ಆಯಿಲ್ ಮಟ್ಟ ಅಳೆಯುವ ಕಡ್ಡಿಯಾದ ಡಿಪ್‌ಸ್ಟಿಕ್ಕಿನಲ್ಲಿರುವ ಆಯಿಲ್ಲೇ ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಹೆಡ್ ಗ್ಯಾಸ್ಕೆಟ್ (ಕೂಲೆಂಟ್ ಮತ್ತು ಆಯಿಲ್ ಬೆರೆಯದಂತೆ ತಡೆಯುವ ಇಂಜಿನ್ನಿನ ಸೀಲ್) ಹೋಗಿದೆಯೇ ಎಂದು ಅನುಮಾನ ಪಡಬೇಕು. ಆಗ ಕಾರು ಓಡಿಸದೆ ಗ್ಯಾರೇಜಿನವರನ್ನು ಕರೆಸಿ.

ಡಿಪ್‌ಸ್ಟಿಕ್ ನೋಡಲು ಕಾರು ಸಮತಟ್ಟಾದ ಜಾಗದಲ್ಲಿರಬೇಕು, ಇಂಜಿನ್ ಆಫ್ ಆಗಿ ಹತ್ತು ನಿಮಿಷವಾದರೂ ಆಗಿರಬೇಕು. ಕಡ್ಡಿ ಎಳೆದು, ಒರೆಸಿ, ಪೂರ್ತಿ ಒಳಗೆ ಹಾಕಿ, ಮತ್ತೆ ಎಳೆದು ನೋಡಿ. ಎರಡು ಗುರುತುಗಳ ನಡುವಿನ ಅಂತರ ಬಹಳಷ್ಟು ಕಾರುಗಳಲ್ಲಿ ಹೆಚ್ಚುಕಡಿಮೆ ಒಂದು ಲೀಟರ್. ಕಡಿಮೆ ಕಂಡರೆ ಕಾಲು ಲೀಟರಿನಂತೆ ಹಾಕಿ ನೋಡುತ್ತ ಹೋಗಿ, ಮೇಲಿನ ಗುರುತು ದಾಟಿಸಬೇಡಿ. ಗ್ರೇಡ್, ಅಂದರೆ ಆಯಿಲ್ ಎಷ್ಟು ದಪ್ಪ ಎಂಬ ವಿಷಯದಲ್ಲಿ ಯಾರ ಸಲಹೆಯೂ ಬೇಡ, ಕಾರಿನ ಮ್ಯಾನ್ಯುಯಲ್ ಹೇಳಿದ್ದೇ ಅಂತಿಮ. ಝೀರೋ ಡಬ್ಲ್ಯೂ 20 ಎಂದಿರುವ ಹೊಸ ಪೆಟ್ರೋಲ್ ಇಂಜಿನ್ನಿಗೆ "ನಮ್ಮ ಸೆಖೆಗೆ ದಪ್ಪ ಇರಲಿ" ಎಂದು 20 ಡಬ್ಲ್ಯೂ 50 ಸುರಿಯುವವರು ಇನ್ನೂ ಇದ್ದಾರೆ. ಆ ಇಂಜಿನ್ನಿನ ಸಂದುಗಳು ತೆಳು ಆಯಿಲಿಗೆಂದೇ ಮಾಡಿದವು. ಬೆಳಗಿನ ಸ್ಟಾರ್ಟಿನಲ್ಲಿ ದಪ್ಪ ಆಯಿಲ್ ಮೇಲೆ ವಾಲ್ವ್ ತೆರೆಯುವ ಕ್ಯಾಮ್‌ಗಳವರೆಗೆ ತಲುಪುವುದು ತಡವಾಗುತ್ತದೆ.

ಡೀಸೆಲ್ ಕಾರಿನವರು ಇಲ್ಲಿ ಇನ್ನೊಂದು ಮಾತು ಗಮನಿಸಬೇಕು. 2020ರ ಏಪ್ರಿಲ್‌ನಿಂದ ಬಂದ ಬಿಎಸ್ 6 ಡೀಸೆಲ್ ಕಾರುಗಳ ಸೈಲೆನ್ಸರ್ ಸಾಲಿನಲ್ಲಿ ಮಸಿಯನ್ನು ಹಿಡಿದಿಡುವ ಡಿಪಿಎಫ್ ಎಂಬ ಫಿಲ್ಟರ್ ಇರುತ್ತದೆ. ತುಂಬಿಕೊಂಡ ಮಸಿಯನ್ನು ಅದು ಆಗಾಗ ತಾನೇ ಸುಟ್ಟುಕೊಳ್ಳಬೇಕು. ಅದಕ್ಕೆ ಸೈಲೆನ್ಸರ್ ಚೆನ್ನಾಗಿ ಬಿಸಿಯಾಗಬೇಕು, ಬಿಸಿಯಾಗಲು ಬಹಳಷ್ಟು ಕಾರುಗಳು ಹೆಚ್ಚುವರಿ ಡೀಸೆಲನ್ನು ಸಿಲಿಂಡರಿಗೆ ಚಿಮ್ಮಿಸುತ್ತವೆ. ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಈ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಪದೇ ಪದೇ ಹೀಗಾದರೆ ಚಿಮ್ಮಿಸಿದ ಡೀಸೆಲ್‌ನಲ್ಲಿ ಒಂದಷ್ಟು ಕೆಳಗಿಳಿದು ಇಂಜಿನ್ ಆಯಿಲಿಗೆ ಸೇರುತ್ತದೆ. ಅದಕ್ಕೇ ಇಂಥ ಕಾರಿನ ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಏರಿದ್ದು ಕಂಡರೆ "ಕಮ್ಮಿಯಾಗಿಲ್ಲವಲ್ಲ" ಎಂದು ಸಮಾಧಾನಪಡುವಂತಿಲ್ಲ. ಮಟ್ಟ ಮೇಲಿನ ಗುರುತು ದಾಟಿದ್ದರೆ ಆಯಿಲ್ ತೆಳ್ಳಗಾಗಿದೆ ಎಂದರ್ಥ, ಬದಲಿಸಲೇಬೇಕು. ವಾರಕ್ಕೋ ಹತ್ತು ದಿನಕ್ಕೋ ಒಮ್ಮೆ ನೈಸ್ ರೋಡಿನಲ್ಲೋ ತುಮಕೂರು ರಸ್ತೆಯಲ್ಲೋ ಅರವತ್ತರ ಮೇಲಿನ ವೇಗದಲ್ಲಿ ಇಪ್ಪತ್ತು ನಿಮಿಷ ನಿಲ್ಲಿಸದೆ ಓಡಿಸಿದರೆ ಈ ತಾಪತ್ರಯ ಬರುವುದಿಲ್ಲ. ವರ್ಷಕ್ಕೆ ಐದು ಸಾವಿರ ಕಿಲೋಮೀಟರ್ ಊರೊಳಗೇ ಓಡಿಸುವವರು ಡೀಸೆಲ್ ಕಾರು ಕೊಳ್ಳಲೇಬಾರದು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನು ಬ್ರೇಕ್ ಫ್ಲೂಯಿಡ್, ಪೆಡಲಿನ ಒತ್ತಡವನ್ನು ಚಕ್ರದ ಬ್ರೇಕಿಗೆ ಮುಟ್ಟಿಸುವ ದ್ರವ. ಇಡೀ ಕಾರಿನಲ್ಲಿ ಅತಿ ಹೆಚ್ಚು ಅಲಕ್ಷ್ಯಕ್ಕೆ ಒಳಗಾದ ವಸ್ತು ಇದು, ಮತ್ತು ಜೀವಕ್ಕೆ ನೇರವಾಗಿ ಸಂಬಂಧಪಟ್ಟದ್ದು. ನಮ್ಮ ಕಾರುಗಳಲ್ಲಿ ಬಳಸುವ ಡಾಟ್ 3, ಡಾಟ್ 4 ಎಂಬ ಎರಡೂ ಬಗೆಗಳು ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುವ ದ್ರವಗಳು. ಕಾರು ಓಡಲಿ ಬಿಡಲಿ, ರಬ್ಬರ್ ಹೋಸ್‌ಗಳ ಮೂಲಕ, ಬಾನೆಟ್ಟಿನಡಿ ಫ್ಲೂಯಿಡ್ ತುಂಬಿರುವ ಡಬ್ಬಿಯ ಮುಚ್ಚಳದ ಮೂಲಕ ತೇವ ಸೇರುತ್ತಲೇ ಇರುತ್ತದೆ. ಹೊಸ ಡಾಟ್ 4 ಕುದಿಯುವುದಕ್ಕೆ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಬೇಕು. ಶೇ 3.7ರಷ್ಟು ನೀರು ಸೇರಿದ ಮೇಲೆ ಅದರ ಕನಿಷ್ಠ ಮಟ್ಟ 155 ಡಿಗ್ರಿಗೆ ಇಳಿಯುತ್ತದೆ. ಡಾಟ್ 3ರಲ್ಲಿ ಇದೇ ಲೆಕ್ಕ 205ರಿಂದ 140ಕ್ಕೆ.

ಬೆಂಗಳೂರಿನ ಸಿಗ್ನಲ್‌ಗಳಲ್ಲಿ ಇದರ ಪರಿಣಾಮ ಗೊತ್ತೇ ಆಗುವುದಿಲ್ಲ. ಗೊತ್ತಾಗುವುದು ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯುವಾಗ. ನಾಲ್ಕು ಜನ, ಡಿಕ್ಕಿ ತುಂಬ ಸಾಮಾನು, ಎದುರಿಗೆ ಬಸ್ಸು, ಮೂರನೇ ಗೇರಿನಲ್ಲಿ ಬ್ರೇಕ್ ಮೇಲೇ ಕಾಲಿಟ್ಟುಕೊಂಡು ಇಳಿಯುತ್ತಿದ್ದರೆ ಡಿಸ್ಕ್ ಕಾದು, ಪ್ಯಾಡ್ ಕಾದು, ಆ ಬಿಸಿ ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಮೂಲಕ ಫ್ಲೂಯಿಡ್‌ಗೆ ಮುಟ್ಟುತ್ತದೆ. ಅದರೊಳಗಿನ ನೀರು ಆವಿಯಾಗುತ್ತದೆ. ದ್ರವವನ್ನು ಒತ್ತಿದರೆ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ಹಾಗಾಗಿ ಪೆಡಲ್ ಮೆತ್ತಗಾಗಿ ತಳಕ್ಕೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಪ್ಯಾಡ್ ಹೊಸದಿದ್ದರೂ ಇದು ಆಗುತ್ತದೆ. ಇಳಿಜಾರಿನಲ್ಲಿ ಎರಡನೇ ಗೇರಿಗೆ ಹಾಕಿ ಇಂಜಿನ್ ಹಿಡಿತದಲ್ಲೇ ಇಳಿಯಿರಿ. ಬ್ರೇಕನ್ನು ಗಟ್ಟಿಯಾಗಿ ಸ್ವಲ್ಪ ಹೊತ್ತು ಒತ್ತಿ, ಪೂರ್ತಿ ಬಿಟ್ಟು, ಆರಲು ಬಿಡಿ. ಕಾರು ಆಟೊಮ್ಯಾಟಿಕ್ ಆಗಿದ್ದು, ಎಎಂಟಿ ಗೇರ್‌ಬಾಕ್ಸ್ ಇದ್ದರೆ ಮ್ಯಾನ್ಯುಯಲ್ ಮೋಡ್, ಸಿವಿಟಿ ಇದ್ದರೆ ಗೇರ್ ಲಿವರಿನ ಎಲ್ ಬಳಸಿ.

ಫ್ಲೂಯಿಡನ್ನು ಎರಡು ವರ್ಷಕ್ಕೊಮ್ಮೆ ಬದಲಿಸುವುದು ಒಳ್ಳೆಯ ರೂಢಿ. ಬದಲಿಸುವುದೆಂದರೆ ಡಬ್ಬಿಗೆ ಮೇಲಿನಿಂದ ಹೊಸದು ತುಂಬುವುದಲ್ಲ. ನಾಲ್ಕೂ ಚಕ್ರಗಳ ಬ್ರೇಕಿನಲ್ಲಿ ದ್ರವ ಹೊರಬಿಡಲು ಇರುವ ಬ್ಲೀಡ್ ನಿಪ್ಪಲ್ ಸಡಿಲಿಸಿ, ಕಂದು ಬಣ್ಣದ ಹಳೆಯದು ಹೋಗಿ ತಿಳಿಯಾದ ಹೊಸದು ಬರುವವರೆಗೂ ಹರಿಸಬೇಕು. ಸಣ್ಣ ಕಾರಿಗೆ ಅರ್ಧದಿಂದ ಒಂದು ಲೀಟರ್ ಹಿಡಿಯುತ್ತದೆ. ಈ ಕೆಲಸ ಆಗಿದೆಯೇ ಎಂದು ಬಿಲ್ಲಿನಲ್ಲಿ ನೋಡಿ: ಅರ್ಧ ಲೀಟರಾದರೂ ಫ್ಲೂಯಿಡ್ ಮತ್ತು ಬ್ಲೀಡಿಂಗಿನ ಕೂಲಿ ಎರಡೂ ಇರಬೇಕು. ಇನ್ನೊಂದು ವಿಷಯ. ಡಬ್ಬಿಯಲ್ಲಿ ಮಟ್ಟ ನಿಧಾನವಾಗಿ ಇಳಿಯುತ್ತಿದ್ದರೆ ಬಹುತೇಕ ಪ್ಯಾಡ್ ಸವೆದು ಅದನ್ನು ಒತ್ತುವ ಕ್ಯಾಲಿಪರಿನ ಪಿಸ್ಟನ್ ಮುಂದೆ ಬಂದಿರುತ್ತದೆ. ಸುಮ್ಮನೆ ತುಂಬಿಸಿಬಿಟ್ಟರೆ ಆ ಸೂಚನೆಯೇ ಅಳಿಸಿಹೋಗುತ್ತದೆ. ಮೊದಲು ಪ್ಯಾಡ್ ನೋಡಿಸಿ. ಉಜ್ಜುವ ಪದರ 3 ಮಿ.ಮೀ.ಗೆ ಬಂದಿದ್ದರೆ ಬದಲಿಸಿ. ನೋಡುವಾಗ ಒಳಬದಿಯ ಪ್ಯಾಡನ್ನೂ ನೋಡಬೇಕು, ಏಕೆಂದರೆ ನಿಂತೇ ಇರುವ ಕಾರಿನಲ್ಲಿ ಕ್ಯಾಲಿಪರ್ ಪಿನ್ ತುಕ್ಕು ಹಿಡಿದು ಬಿಗಿದುಕೊಂಡರೆ ಎರಡರಲ್ಲಿ ಒಂದೇ ಪ್ಯಾಡ್ ಸವೆಯುತ್ತದೆ. ಪಿನ್ ಬಿಚ್ಚಿ ಒರೆಸಿ, ಬ್ರೇಕಿಗೆಂದೇ ಇರುವ ಸಿಲಿಕೋನ್ ಗ್ರೀಸ್ ಹಚ್ಚಿಸಿದರೆ ಸಾಕು. ಮಾಮೂಲಿ ಗ್ರೀಸ್ ಹಚ್ಚಿದರೆ ಅಲ್ಲಿನ ರಬ್ಬರ್ ಉಬ್ಬಿ ಹಾಳಾಗುತ್ತದೆ.

ಬ್ಯಾಟರಿ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಬೇರೂರಿದೆ. ದಿನಾ ಬೆಳಗ್ಗೆ ಐದು ನಿಮಿಷ ಸ್ಟಾರ್ಟ್ ಮಾಡಿ ನಿಲ್ಲಿಸಿದರೆ ಬ್ಯಾಟರಿ ಚೆನ್ನಾಗಿರುತ್ತದೆ ಎಂದು. ಕಾರು ನಿಂತಲ್ಲೇ ಇಂಜಿನ್ ಓಡುವಾಗ, ಅಂದರೆ ಐಡ್ಲಿಂಗಿನಲ್ಲಿ, ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಹೆಚ್ಚು ಕರೆಂಟ್ ಕೊಡುವುದಿಲ್ಲ, ಕೊಟ್ಟದ್ದರಲ್ಲಿ ಕಾರಿನ ಕಂಪ್ಯೂಟರು, ಪಂಪು, ಫ್ಯಾನಿಗೇ ಒಂದಷ್ಟು ಹೋಗುತ್ತದೆ. ಜೊತೆಗೆ ಮೇಲೆ ಹೇಳಿದ ಆಯಿಲ್ ತೊಂದರೆಯನ್ನೂ ನಾವೇ ದಿನಾ ಕರೆದುಕೊಂಡ ಹಾಗಾಗುತ್ತದೆ. ವಾರಕ್ಕೊಮ್ಮೆ ಅರ್ಧ ಗಂಟೆ ಓಡಿಸುವುದು ಇದಕ್ಕಿಂತ ಎಷ್ಟೋ ಮೇಲು. ಒಂದು ಡಿಜಿಟಲ್ ಮಲ್ಟಿಮೀಟರ್ ಮನೆಯಲ್ಲಿರಲಿ. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ಪೂರ್ತಿ ಚಾರ್ಜ್, 12.4 ಇದ್ದರೆ ಮುಕ್ಕಾಲು ಪಾಲು, 12.2ಕ್ಕಿಂತ ಕಡಿಮೆಯಾದರೆ ಕೂಡಲೇ ಚಾರ್ಜ್ ಮಾಡಿಸಬೇಕು. ಬಹಳ ದಿನ ಅರೆಬರೆ ಚಾರ್ಜಿನಲ್ಲಿದ್ದರೆ ಒಳಗಿನ ಸೀಸದ ತಟ್ಟೆಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಹಿಡಿಯುವುದಿಲ್ಲ. ಇಂಜಿನ್ ಓಡುತ್ತಿರುವಾಗ ಹೆಚ್ಚಿನ ಕಾರುಗಳಲ್ಲಿ 13.8ರಿಂದ 14.5ರ ನಡುವೆ ಇರಬೇಕು. ಟರ್ಮಿನಲ್ ಬಿಚ್ಚುವಾಗ ಮೊದಲು ನೆಗೆಟಿವ್, ಕೂಡಿಸುವಾಗ ಅದನ್ನು ಕೊನೆಗೆ. ಈ ಕ್ರಮ ತಪ್ಪಿ, ಪಾಸಿಟಿವ್ ಬಿಚ್ಚುವಾಗ ಪಾನಾ ಕಾರಿನ ಲೋಹದ ಮೈಗೆ ತಗುಲಿದರೆ ಶಾರ್ಟ್ ಆಗುತ್ತದೆ. ಸಿಗ್ನಲ್‌ನಲ್ಲಿ ಇಂಜಿನ್ ತಾನೇ ಆಫ್ ಆಗಿ ಮತ್ತೆ ಸ್ಟಾರ್ಟ್ ಆಗುವ ಸ್ಟಾರ್ಟ್-ಸ್ಟಾಪ್ ವ್ಯವಸ್ಥೆ ಇರುವ ಕಾರಿಗೆ ಅದಕ್ಕೆಂದೇ ಇರುವ ಇಎಫ್‌ಬಿ ಅಥವಾ ಎಜಿಎಂ ಬ್ಯಾಟರಿಯನ್ನೇ ಹಾಕಿಸಿ.

ಟೈರಿನ ಪಕ್ಕದ ಗೋಡೆಯಲ್ಲಿ DOT ಎಂಬ ಇಂಗ್ಲಿಷ್ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿ ಇರುತ್ತವೆ. 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಟೈರಿನ ಗೀರುಗಳ ಆಳ 1.6 ಮಿ.ಮೀ.ಗಿಂತ ಹೆಚ್ಚಿದ್ದರೂ, ಆರು ವರ್ಷ ದಾಟಿದ ಟೈರಿನ ರಬ್ಬರ್ ಗಡುಸಾಗಿ, ಪಕ್ಕದಲ್ಲಿ ಕೂದಲೆಳೆಯಂಥ ಬಿರುಕು ಬಿಟ್ಟಿರುತ್ತದೆ. ಒದ್ದೆ ರಸ್ತೆಯಲ್ಲಿ ಅದರ ಹಿಡಿತ ನಂಬುವ ಹಾಗಿಲ್ಲ. ಕಡಿಮೆ ಓಡುವ ಕಾರುಗಳಲ್ಲಿ ಟೈರ್ ಸಾಯುವುದು ಹೀಗೆಯೇ, ಸವೆದು ಅಲ್ಲ. ಗಾಳಿಯ ಒತ್ತಡ ಎಷ್ಟಿರಬೇಕೆಂದು ಡ್ರೈವರ್ ಬಾಗಿಲಿನ ಕಂಬದ ಸ್ಟಿಕ್ಕರಿನಲ್ಲಿದೆ, ಅದು ತಣ್ಣಗಿರುವ ಟೈರಿನ ಲೆಕ್ಕ. ಬಂಕಿಗೆ ಹತ್ತು ಕಿಲೋಮೀಟರ್ ಓಡಿಸಿಕೊಂಡು ಹೋಗಿ ಗಾಳಿ ಹಿಡಿಸಿದರೆ ಅಳತೆ ಎರಡು ಮೂರು ಪಿಎಸ್‌ಐ ತಪ್ಪುತ್ತದೆ. ಸ್ಟೆಪ್ನಿಯನ್ನು ಮರೆಯಬೇಡಿ. ಬೇಕಾದ ದಿನವೇ ಅದರಲ್ಲಿ ಗಾಳಿ ಇರುವುದಿಲ್ಲ.

ಕೂಲೆಂಟ್ ಕಡಿಮೆಯಾಯಿತೆಂದು ಬೋರ್‌ವೆಲ್ ನೀರು ಹಾಕಬೇಡಿ. ನಮ್ಮ ಗಡಸು ನೀರಿನ ಸುಣ್ಣ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಕಟ್ಟಿಕೊಳ್ಳುತ್ತದೆ. ಮ್ಯಾನ್ಯುಯಲ್ ಹೇಳಿದ ಕೂಲೆಂಟ್, ಅದು ನೀರು ಬೆರೆಸದ ಗಟ್ಟಿ ದ್ರವವಾದರೆ ಡಿಸ್ಟಿಲ್ಡ್ ವಾಟರ್ ಜೊತೆ ಸಮಪಾಲು. ಬಿಸಿ ಇಂಜಿನ್ನಿನಲ್ಲಿ ಮುಚ್ಚಳ ತೆಗೆಯುವ ಸಾಹಸ ಯಾವತ್ತಿಗೂ ಬೇಡ.

ಪಿಸ್ಟನ್ ಮತ್ತು ವಾಲ್ವುಗಳ ಓಟ ಹೊಂದಿಸುವ ಟೈಮಿಂಗ್ ಬೆಲ್ಟ್ ಇರುವ ಇಂಜಿನ್ನಾದರೆ ಅದರ ವಯಸ್ಸನ್ನೂ ಲೆಕ್ಕ ಹಾಕಿ. ಡಸ್ಟರ್‌ನ 1.5 ಲೀಟರ್ ಡೀಸೆಲ್‌ನಲ್ಲಿ ಬೆಲ್ಟ್, ಹಳೆಯ ಸ್ವಿಫ್ಟ್ ಡೀಸೆಲ್‌ನ 1.3 ಲೀಟರ್ ಇಂಜಿನ್ನಿನಲ್ಲಿ ಚೈನ್. ಬೆಲ್ಟ್ ಹರಿದರೆ ಬಹಳಷ್ಟು ಇಂಜಿನ್ನುಗಳಲ್ಲಿ ಪಿಸ್ಟನ್ ಹೋಗಿ ವಾಲ್ವಿಗೆ ಬಡಿಯುತ್ತದೆ, ಆಮೇಲಿನ ಖರ್ಚು ಬೆಲ್ಟಿನ ಬೆಲೆಗೆ ಹೋಲಿಸುವಂಥದ್ದಲ್ಲ.

ಮರದ ಕೆಳಗೆ ನಿಲ್ಲಿಸುವವರು ಮಳೆಗಾಲಕ್ಕೆ ಮುಂಚೆ ಬಾನೆಟ್ ಎತ್ತಿ ವೈಪರ್ ಬುಡ ನೋಡಲೇಬೇಕು. ಹೊಂಗೆ ಹೂವು, ಮೇಫ್ಲವರ್ ಎಲೆ ಅಲ್ಲಿನ ಜಾಲರಿಯೊಳಗೆ ಇಳಿದು ನೀರು ಹೋಗುವ ತೂತನ್ನು ಮುಚ್ಚುತ್ತವೆ. ಮೊದಲ ದೊಡ್ಡ ಮಳೆಗೆ ಅಲ್ಲಿ ನಿಂತ ನೀರು ಬ್ಲೋವರ್ ದಾರಿಯಲ್ಲಿ ಒಳಬಂದು ಕಾರ್ಪೆಟ್ ನೆನೆಯುತ್ತದೆ. ಕೈಯಲ್ಲೇ ಬಾಚಿ ತೆಗೆದು, ಒಂದು ಚೊಂಬು ನೀರು ಸುರಿದು ಕೆಳಗೆ ಎರಡೂ ಬದಿ ಇಳಿಯುತ್ತದೆಯೇ ನೋಡಿ. ಅದೇ ಹೊತ್ತಿಗೆ ಏರ್ ಫಿಲ್ಟರ್ ಡಬ್ಬಿಯ ಕ್ಲಿಪ್ ಬಿಚ್ಚಿ ನೋಡಿ, ಇಲಿ ಗೂಡು ಕಟ್ಟುವ ಜಾಗ ಅದು. ಡ್ಯಾಶ್‌ಬೋರ್ಡಿನ ಡಬ್ಬಿಯ ಹಿಂದಿರುವ ಕ್ಯಾಬಿನ್ ಫಿಲ್ಟರನ್ನು ಬಹಳಷ್ಟು ಕಾರುಗಳಲ್ಲಿ ನಾವೇ ಕಾಲು ಗಂಟೆಯಲ್ಲಿ ಬದಲಿಸಬಹುದು. ಅಂಚಿನಲ್ಲಿರುವ ಬಾಣ ಗಾಳಿ ಹರಿಯುವ ದಿಕ್ಕಿಗೆ ಇರಬೇಕು, ಅಷ್ಟೇ. ಎಸಿಯನ್ನು ಚಳಿಗಾಲದಲ್ಲೂ ವಾರಕ್ಕೆ ಹತ್ತು ನಿಮಿಷ ಹಾಕಿ. ಕಂಪ್ರೆಸರಿನ ಸೀಲ್‌ಗೆ ಬೇಕಾದ ಎಣ್ಣೆ ಗ್ಯಾಸಿನ ಜೊತೆಗೇ ಓಡಾಡುವುದು.

ಸರ್ವಿಸ್ ಸೆಂಟರಿನಲ್ಲಿ ಜಾಬ್ ಕಾರ್ಡಿಗೆ ಸಹಿ ಹಾಕುವ ಮುಂಚೆ ಓದಿ. ಇಂಜಿನ್ ಫ್ಲಶ್ (ಒಳಗೆ ತೊಳೆಯುವುದು), ಇಂಜಿನ್ ಡ್ರೆಸ್ಸಿಂಗ್ (ಹೊರಗೆ ಹೊಳಪು ಕೊಡುವುದು), ಪ್ರತಿ ವರ್ಷ ಎಸಿ ಗ್ಯಾಸ್ ಇವು ತಾವಾಗಿಯೇ ಪಟ್ಟಿ ಸೇರುತ್ತವೆ. ಸುಸ್ಥಿತಿಯ ಎಸಿಗೆ ವರ್ಷಾ ವರ್ಷ ಗ್ಯಾಸ್ ಬೇಕಾಗುವುದಿಲ್ಲ. ಕಡಿಮೆಯಾಗಿದ್ದರೆ ಎಲ್ಲೋ ಸೋರುತ್ತಿದೆ, ಅದನ್ನು ಹುಡುಕದೆ ತುಂಬಿಸುವುದು ದಂಡ. ಆ ದುಡ್ಡಿನಲ್ಲಿ ಬ್ರೇಕ್ ಫ್ಲೂಯಿಡ್ ಬದಲಿಸಿ ಎಂದು ಕೇಳಿ.

ತಿಂಗಳುಗಟ್ಟಲೆ ಕಾರು ಬಿಟ್ಟು ವಿದೇಶದಲ್ಲಿರುವ ಮಕ್ಕಳ ಮನೆಗೆ ಹೋಗುವ ಹಿರಿಯರು ಈಗ ಬಹಳ. ಹೊರಡುವ ಮುಂಚೆ ಟೈರಿಗೆ ಮೂರ್ನಾಲ್ಕು ಪಿಎಸ್‌ಐ ಹೆಚ್ಚು ಗಾಳಿ ಹಿಡಿಸಿ. ಬ್ಯಾಟರಿಯ ನೆಗೆಟಿವ್ ಬಿಚ್ಚಿಡಿ. ಸಮತಟ್ಟಾದ ಜಾಗದಲ್ಲಿ ಹ್ಯಾಂಡ್‌ಬ್ರೇಕ್ ಎಳೆಯದೆ, ಗೇರಿನಲ್ಲಿ ಬಿಟ್ಟು, ಚಕ್ರಕ್ಕೆ ಕಲ್ಲು ಕೊಡಿ. ಎಳೆದೇ ಬಿಟ್ಟರೆ ಹಿಂದಿನ ಬ್ರೇಕ್ ಶೂ ಡ್ರಮ್ಮಿಗೆ ಅಂಟಿಕೊಳ್ಳುತ್ತದೆ. ಎಮಿಷನ್ ಸರ್ಟಿಫಿಕೇಟು, ಇನ್ಶೂರೆನ್ಸ್ ಮುಗಿಯುವ ತಾರೀಖು ನೋಡಿಕೊಳ್ಳಿ. ಕಾರಿಗೆ 15 ವರ್ಷ ತುಂಬುತ್ತಿದ್ದರೆ ಆರ್‌ಟಿಒದಲ್ಲಿ ನೋಂದಣಿ ನವೀಕರಣಕ್ಕೂ ಸಮಯ ಬೇಕು. ವಾಪಸ್ ಬಂದ ಮೇಲೆ ಕಲ್ಲು ತೆಗೆದು, ಕಾರಿನಡಿ ಬಗ್ಗಿ ಏನಾದರೂ ತೊಟ್ಟಿಕ್ಕಿದೆಯೇ ನೋಡಿ, ಬಾನೆಟ್ ಎತ್ತಿ ವೈರುಗಳನ್ನು ನೋಡಿ, ಬ್ಯಾಟರಿಯ ನೆಗೆಟಿವ್ ಮತ್ತೆ ಕೂಡಿಸಿ, ಗೇರನ್ನು ನ್ಯೂಟ್ರಲ್‌ಗೆ ತಂದು, ಆಮೇಲೆ ಸ್ಟಾರ್ಟ್ ಮಾಡಿ. ಗೇಟು ದಾಟುವ ಮುಂಚೆಯೇ ಎರಡು ಮೂರು ಸಲ ಬ್ರೇಕ್ ಒತ್ತಿ ನೋಡಿ. ಡಿಸ್ಕ್ ಮೇಲಿನ ತುಕ್ಕು ಕರಕರ ಎಂದು ಉಜ್ಜಿಹೋಗುವ ಸದ್ದು ಬಂದರೆ ಭಯವಿಲ್ಲ. ಪೆಡಲ್ ಮೆತ್ತಗೆ ಕೆಳಗಿಳಿದರೆ ಅಲ್ಲೇ ಆಫ್ ಮಾಡಿ, ಮೆಕ್ಯಾನಿಕ್‌ಗೆ ಫೋನ್ ಮಾಡಿ.