ಧ್ಯಾನಕ್ಕಿಲ್ಲದ ನಾಚಿಕೆ ವೈದ್ಯರ ಬಳಿ ಏಕೆ?

ದಾವಣಗೆರೆಯಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಪಾಠ ಹೇಳುವ ನಾನು ಆಗಾಗ ಒಂದು ವಿಚಿತ್ರವನ್ನು ಕಾಣುತ್ತೇನೆ. ಧ್ಯಾನ ಶಿಬಿರಕ್ಕೆ ಹೆಸರು ಕೊಡಿ ಎಂದರೆ ಸಾಲುಸಾಲಾಗಿ ಕೈಗಳು ಮೇಲೇಳುತ್ತವೆ. ಆಪ್ತಸಮಾಲೋಚಕರು ಬಂದಿದ್ದಾರೆ ಎಂದರೆ ಅದೇ ಹುಡುಗರು ತಲೆತಗ್ಗಿಸಿ ಮೊಬೈಲ್ ನೋಡತೊಡಗುತ್ತಾರೆ.

ಜನ ಏನೆಂದುಕೊಂಡಾರೋ ಎಂಬ ಅಂಜಿಕೆ ಇದಕ್ಕೆ ಅರ್ಧ ಕಾರಣವಷ್ಟೇ. ಜನ ಆಡಬಹುದಾದ ಮಾತನ್ನು ವಿದ್ಯಾರ್ಥಿ ತಾನೇ ತನಗೆ ಆಡಿಕೊಳ್ಳುವುದು ಉಳಿದರ್ಧ. ಅಮೆರಿಕದ ಮನಶ್ಶಾಸ್ತ್ರಜ್ಞ ಪ್ಯಾಟ್ರಿಕ್ ಕಾರಿಗನ್ ಈ ಸ್ವಕಳಂಕವನ್ನು ಹಂತಹಂತವಾಗಿ ಬಿಡಿಸಿದ್ದಾರೆ: ಸಮಾಜದ ಪೂರ್ವಗ್ರಹ ಮೊದಲು ಅರಿವಿಗೆ ಬರುತ್ತದೆ, ಆಮೇಲೆ ಅದು ನಿಜವೆನಿಸುತ್ತದೆ, ಮುಂದೆ ತನಗೂ ಅನ್ವಯಿಸುತ್ತದೆಂದು ತೋರುತ್ತದೆ, ಕೊನೆಗೆ ಆತ್ಮಗೌರವವೇ ಕುಸಿಯುತ್ತದೆ. ನೆರವು ಕೇಳುವುದರ ಬಗೆಗಿನ ಇಂಥ ನಾಚಿಕೆಯನ್ನು ಅಳೆಯಲು ಡೇವಿಡ್ ವೋಗೆಲ್ ಮತ್ತು ಸಂಗಡಿಗರು 2006ರಲ್ಲಿ 10 ಹೇಳಿಕೆಗಳ ಮಾಪಕವೊಂದನ್ನೂ ಪ್ರಕಟಿಸಿದರು.

ನಿದ್ದೆಗೆಟ್ಟು ಸೊರಗಿದ್ದ ಒಬ್ಬ ವಿದ್ಯಾರ್ಥಿ, ಇಲ್ಲಿನ ಚಿಗಟೇರಿ ಆಸ್ಪತ್ರೆಯಲ್ಲಾದರೆ ಊರಿನವರು ಯಾರಾದರೂ ಸಿಕ್ಕೇ ಸಿಗುತ್ತಾರೆಂದು ಶಿವಮೊಗ್ಗದ ಬಸ್ಸು ಹತ್ತಿದ್ದ. ಅಲ್ಲಿನ ಹೊರರೋಗಿ ಚೀಟಿಯನ್ನು ನನಗೆ ತೋರಿಸುವಾಗಲೂ ವಿಭಾಗದ ಹೆಸರು ಒಳಮಡಿಕೆಗೆ ಹೋಗುವಂತೆ ಮಡಚಿ ಹಿಡಿದಿದ್ದ. “ಅಪ್ಪ ಅಷ್ಟು ಕಷ್ಟಪಟ್ಟು ಓದಿಸ್ತಿದಾರೆ ಸಾರ್, ನಾನೇ ಕೈಲಾಗದೋನು” ಎಂದ. ಅವನನ್ನು ಹಾಗೆಂದವರು ಬೇರೆ ಯಾರೂ ಇರಲಿಲ್ಲ.

ಮೈಂಡ್‌ಫುಲ್‌ನೆಸ್, ಅಂದರೆ ಮನಸ್ಸಿನಲ್ಲಿ ಏಳುವುದನ್ನು ಸರಿತಪ್ಪೆಂದು ತೂಗದೆ ಗಮನಿಸುವ ಧ್ಯಾನ, ನೆರವಿಗೆ ಬರುವುದು ಇಂಥ ಕಡೆಯೇ. ಬೌದ್ಧ ಧ್ಯಾನಪದ್ಧತಿಯಿಂದ ಪ್ರೇರಿತರಾದ ಜಾನ್ ಕಬಟ್-ಜಿನ್ 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಆರಂಭಿಸಿ, 8 ವಾರಗಳ ತರಬೇತಿಯಾಗಿ ರೂಪಿಸಿದ ಈ ಅಭ್ಯಾಸದಲ್ಲಿ ಯೋಚನೆಯನ್ನು ಓಡಿಸುವ ಹಟವಿಲ್ಲ. ‘ನಾನು ಕೈಲಾಗದವನು’ ಎಂದು ನಂಬಿ ಕೂರುವುದಕ್ಕೂ ‘ಕೈಲಾಗದವನೆಂಬ ಯೋಚನೆ ಈಗ ಬಂದಿದೆ’ ಎಂದು ಗಮನಿಸುವುದಕ್ಕೂ ನಡುವೆ ಸಿಗುವ ಅಂತರದಲ್ಲಿ ಆ ಮಾತಿನ ಹಿಡಿತ ಸಡಿಲಗೊಳ್ಳಲು ಎಡೆಯಿದೆ.

ಆದರೆ ಧ್ಯಾನ ನಮ್ಮಲ್ಲಿ ಗೌರವದ ವಿಷಯವಾಗಿರುವುದರಿಂದ ಅದು ಅಡಗುತಾಣವೂ ಆಗಬಲ್ಲದು. “ಧ್ಯಾನ ಮಾಡ್ತಿದೀನಿ, ಸಾಕು” ಎನ್ನುವವನಲ್ಲಿ ನಾಚಿಕೆ ಕರಗದೆ ಹಾಗೆಯೇ ಉಳಿದಿರುತ್ತದೆ, ಖಿನ್ನತೆ ತೀವ್ರವಾಗಿದ್ದರೆ ಚಿಕಿತ್ಸೆಯೂ ತಡವಾಗುತ್ತದೆ. ಚಿಕಿತ್ಸೆಯ ವಿವರ ಗೋಪ್ಯವಾಗಿರಬೇಕೆಂಬುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹಕ್ಕೆಂದೇ ಹೇಳುತ್ತದೆ, 14416ಕ್ಕೆ ಕರೆ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ ಹಗಲಿರುಳೂ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಧ್ಯಾನ ಶಿಬಿರ ನಡೆಸುವವರು ಮೊದಲ ದಿನವೇ ಈ ಎರಡನ್ನೂ ತಿಳಿಸಿ, ಆಪ್ತಸಮಾಲೋಚಕರನ್ನೂ ಅದೇ ಜಮಖಾನದ ಮೇಲೆ ಕೂರಿಸಿಕೊಳ್ಳಲಿ ಎಂಬುದು ನನ್ನ ಬೇಡಿಕೆ.